ತೆರೆಯ ಹಿಂದಿನ ಕಸುಬು: ವಿಷುವಲ್ ಎಫೆಕ್ಟ್ಸ್ ಹಾಗೂ ಅನಿಮೇಶನ್ ಕ್ಷೇತ್ರದಲ್ಲಿ ನೆಲೆ ಕಂಡುಕೊಳ್ಳುವ ಬಗೆ

ಬೊರಿವಲಿಯಿಂದ ಚರ್ಚ್‌ಗೇಟ್‌ನತ್ತ ಹೊರಡುವ ಸ್ಲೋ ಲೋಕಲ್ ರೈಲಿಗೆ ಕಾಂದಿವಲಿ, ಮಲಾಡ್ ದಾಟಿದ ಮೇಲೆ ಸಿಗುವ ಮೂರನೆಯ ನಿಲ್ದಾಣ ಗೋರೆಗಾಂವ್. ಅದರ ಪೂರ್ವಕ್ಕೆ, ನಮ್ಮ ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು ದಕ್ಷಿಣದಲ್ಲಿ ಮುಗಿಯುವ ಅಂಚಿನಲ್ಲಿ, 1977ರಲ್ಲಿ ಸ್ಥಾಪನೆಗೊಂಡ ದಾದಾಸಾಹೇಬ್ ಫಾಲ್ಕೆ ಚಿತ್ರನಗರಿಯಿದೆ. ಜನರ ಬಾಯಲ್ಲಿ ಅದು ಫಿಲ್ಮ್ ಸಿಟಿ. ಪಶ್ಚಿಮ ಉಪನಗರಗಳ ಕನ್ನಡಿಗ ಹಾಗೂ ತುಳು-ಕನ್ನಡಿಗ ಕುಟುಂಬಗಳ ಹಿರಿಯರು ಹೊಟೇಲು, ಬ್ಯಾಂಕು, ಕಾರ್ಖಾನೆಗಳಲ್ಲಿ ದುಡಿದು ಮಕ್ಕಳನ್ನು ಓದಿಸಿದವರು. ಅವರ ಮನೆಗಳಲ್ಲಿ ಇಂದು ಹತ್ತನೆಯ ಅಥವಾ ಹನ್ನೆರಡನೆಯ ತರಗತಿ ಮುಗಿಸಿದ ಮಗನೋ ಮಗಳೋ "ನಾನು ಅನಿಮೇಶನ್ ಕಲಿಯುತ್ತೇನೆ" ಎಂದಾಗ ಪಾಲಕರು ಕಕ್ಕಾಬಿಕ್ಕಿಯಾಗುವುದು ಸಹಜ. ಇದು ಉದ್ಯೋಗವೇ, ಹವ್ಯಾಸವೇ? ಲಕ್ಷಾಂತರ ರೂಪಾಯಿ ಶುಲ್ಕ ಕಟ್ಟುವ ಮುನ್ನ ಏನನ್ನು ವಿಚಾರಿಸಬೇಕು? ಕೆಲಸ ಸಿಕ್ಕರೂ ಅದು ಎಷ್ಟು ಕಾಲ ಉಳಿದೀತು? ಈ ಪ್ರಶ್ನೆಗಳಿಗೆ ಉತ್ತರವಾಗಬಲ್ಲ ಮಾಹಿತಿಯನ್ನು ಇಲ್ಲಿ ಕ್ರೋಡೀಕರಿಸಲಾಗಿದೆ.

ಮೊದಲು ಒಂದು ಸ್ಪಷ್ಟನೆ. ಅನಿಮೇಶನ್ ಎಂದರೆ ಚಿತ್ರಕ್ಕೆ, ಗೊಂಬೆಗೆ ಅಥವಾ ಗಣಕಯಂತ್ರದಲ್ಲಿ ರೂಪಿಸಿದ ಆಕೃತಿಗೆ ಚಲನೆ ನೀಡುವ ಕಲೆ. ನಮ್ಮ ತೊಗಲುಗೊಂಬೆಯಾಟದ ಕಲಾವಿದರು ಪರದೆಯ ಹಿಂದೆ ಕುಳಿತು ಮಾಡುತ್ತ ಬಂದದ್ದು ಇದಕ್ಕೆ ದೂರದ ಮಾತೇನಲ್ಲ. ವಿಷುವಲ್ ಎಫೆಕ್ಟ್ಸ್, ಅಂದರೆ ವಿಎಫ್‌ಎಕ್ಸ್, ಕ್ಯಾಮೆರಾದಿಂದ ಚಿತ್ರಿಸಿದ ದೃಶ್ಯಕ್ಕೆ ಇಲ್ಲದ್ದನ್ನು ಸೇರಿಸುವ, ಇರಬಾರದ್ದನ್ನು ತೆಗೆಯುವ ಕೆಲಸ. 2009ರಲ್ಲಿ ನಿಧನರಾದ ಡಾ. ವಿಷ್ಣುವರ್ಧನ್ ಅವರು 2016ರಲ್ಲಿ ತೆರೆಕಂಡ 'ನಾಗರಹಾವು' ಚಿತ್ರದಲ್ಲಿ ಮತ್ತೆ ಕಾಣಿಸಿಕೊಂಡದ್ದು ಈ ವಿದ್ಯೆಯಿಂದಲೇ. ಎರಡೂ ಕಸುಬುಗಳಿಗೆ ಸಲಕರಣೆಗಳು ಸಮಾನವಾಗಿದ್ದರೂ ಬೇಕಾಗುವ ಮನೋಧರ್ಮ ಬೇರೆ. ಅನಿಮೇಟರ್‌ನಲ್ಲಿ ನಟನಿರಬೇಕು. ಎಫೆಕ್ಟ್ಸ್ ಕಲಾವಿದನಲ್ಲಿ ಬೆಳಕು, ನೆರಳು, ಹೊಗೆ, ನೀರುಗಳನ್ನು ತಾಳ್ಮೆಯಿಂದ ನೋಡುವ ಛಾಯಾಗ್ರಾಹಕನಿರಬೇಕು.

ಮುಂಬಯಿಯ ಪರಂಪರೆ

ಈ ಕಸುಬು ನಮ್ಮ ಮಹಾನಗರಕ್ಕೆ ಗಣಕಯಂತ್ರದೊಡನೆ ಬಂದದ್ದಲ್ಲ. 1956ರಲ್ಲಿ ಫಿಲ್ಮ್ಸ್ ಡಿವಿಜನ್ ಸಂಸ್ಥೆಯ ವ್ಯಂಗ್ಯಚಲನಚಿತ್ರ ವಿಭಾಗಕ್ಕೆ ತರಬೇತಿ ನೀಡಲು ಡಿಸ್ನಿ ಸಂಸ್ಥೆಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಮುಂಬಯಿಗೆ ಬಂದರು. ಅದರ ಫಲವಾಗಿ 1957ರಲ್ಲಿ ಜಾತಕ ಕತೆಯನ್ನಾಧರಿಸಿದ 'ದಿ ಬನಿಯನ್ ಡಿಯರ್' ಸಿದ್ಧವಾಯಿತು. ಅಲ್ಲಿ ಪಳಗಿದ ರಾಮ್ ಮೋಹನ್ ಅವರು ರಸಾಯನಶಾಸ್ತ್ರ ಓದಿದವರು. ಮುಂದೆ ಸ್ವಂತ ಸ್ಟುಡಿಯೋ ಕಟ್ಟಿ, ಸತ್ಯಜಿತ್ ರಾಯ್ ಅವರ 'ಶತರಂಜ್ ಕೇ ಖಿಲಾಡಿ'ಯ ಅನಿಮೇಶನ್ ಭಾಗ, ಯುನಿಸೆಫ್‌ನ 'ಮೀನಾ' ಸರಣಿ, ಜಪಾನಿನ ಯುಗೊ ಸಾಕೊ ಅವರೊಡನೆ ರಾಮಾಯಣದ ಚಿತ್ರ ಹೀಗೆ ಅರ್ಧ ಶತಮಾನ ದುಡಿದರು. 2014ರಲ್ಲಿ ಪದ್ಮಶ್ರೀ ಪುರಸ್ಕೃತರಾದ ಅವರು 2019ರಲ್ಲಿ ತೀರಿಕೊಂಡರು. ಆ ರಾಮಾಯಣ ಚಿತ್ರ 2025ರ ಜನವರಿಯಲ್ಲಿ ನಮ್ಮ ಚಿತ್ರಮಂದಿರಗಳಲ್ಲಿ ಮತ್ತೆ ತೆರೆಕಂಡಾಗ, ಕೈಯಿಂದ ಬರೆದ ಚಿತ್ರಗಳಿಗೆ ಮುಪ್ಪಿಲ್ಲವೆಂಬುದನ್ನು ಹೊಸ ಪೀಳಿಗೆ ಕಣ್ಣಾರೆ ಕಂಡಿತು.

ಅನಂತರದ ಬೆಳವಣಿಗೆ ವೇಗದ್ದು. 1990ರ ದಶಕದಲ್ಲಿ ಮುಂಬಯಿಯಲ್ಲಿ ಸಣ್ಣದಾಗಿ ಆರಂಭವಾದ ಪ್ರೈಮ್ ಫೋಕಸ್ ಸಂಸ್ಥೆ 2014ರಲ್ಲಿ ಲಂಡನ್ನಿನ ಡಬಲ್ ನೆಗೆಟಿವ್ ಜೊತೆ ಒಂದಾಯಿತು. ಡಿನೆಗ್ ಎಂದು ಕರೆಯಲಾಗುವ ಆ ಸಂಸ್ಥೆಯ ಕೆಲಸಕ್ಕೆ 2022ರಲ್ಲಿ 'ಡ್ಯೂನ್' ಹಾಗೂ 2025ರಲ್ಲಿ ಅದರ ಎರಡನೆಯ ಭಾಗದ ನಿಮಿತ್ತ ಆಸ್ಕರ್ ಬಂದಿದೆ. ಬೆಂಗಳೂರು ಮೂಲದ ಟಾಟಾ ಎಲೆಕ್ಸಿಯ ಮುಂಬಯಿ ಸ್ಟುಡಿಯೋ 2008ರ 'ರೋಡ್‌ಸೈಡ್ ರೋಮಿಯೋ' ಚಿತ್ರಕ್ಕೆ ಜೀವ ತುಂಬಿತು. ಮಕ್ಕಳು ಟಿವಿಯ ಮುಂದಿನಿಂದ ಏಳಲೊಲ್ಲದ 'ಮೋಟು ಪತ್ಲು' 2012ರಿಂದ ಪ್ರಸಾರವಾಗುತ್ತಿರುವುದೂ ಮುಂಬಯಿಯ ಕಾಸ್ಮೋಸ್-ಮಾಯಾ ಸ್ಟುಡಿಯೋದ ಶ್ರಮದಿಂದಲೇ.

ಮೊದಲ ಕುರ್ಚಿ ಎಲ್ಲಿ?

ಸಿನಿಮಾ ಒಂದು ಸೆಕೆಂಡಿಗೆ 24 ಚಿತ್ರಗಳಂತೆ ಓಡುತ್ತದೆ. ಎರಡೂವರೆ ಗಂಟೆಯ ಚಿತ್ರವೆಂದರೆ 2,16,000 ಫ್ರೇಮುಗಳು. ನಟನ ಹಿಂದಿರುವ ಕಟ್ಟಡವನ್ನು ತೆಗೆದು ಅರಮನೆಯನ್ನು ಇಡಬೇಕೆಂದುಕೊಳ್ಳಿ. ಹಸಿರು ಪರದೆಯ ಮುಂದೆ ಚಿತ್ರೀಕರಿಸಿರದಿದ್ದರೆ ಯಾರಾದರೊಬ್ಬರು ಆ ನಟನ ಅಂಚನ್ನು, ಕೂದಲೆಳೆ ಬೆರಳುಸಂದಿ ಸಹಿತ, ಪ್ರತಿ ಫ್ರೇಮಿನಲ್ಲಿ ಗೆರೆ ಎಳೆದು ಬೇರ್ಪಡಿಸಬೇಕು. ಐದು ಸೆಕೆಂಡಿನ ಶಾಟ್ ಎಂದರೂ 120 ಫ್ರೇಮು. ಇದೇ ರೋಟೊ. ನಟನನ್ನು ಎತ್ತಿ ಹಾರಿಸಿದ ತಂತಿಯನ್ನು ಅಳಿಸಿ ಹಿಂದಿನ ಗೋಡೆಯನ್ನು ತುಂಬಿಸುವುದು ಪೇಂಟ್. ಚಿತ್ರೀಕರಣದ ಕ್ಯಾಮೆರಾ ಹೇಗೆ ಚಲಿಸಿತೆಂಬುದನ್ನು ಗಣಕಯಂತ್ರದೊಳಗೆ ಯಥಾವತ್ತಾಗಿ ಮರಳಿ ಕಟ್ಟುವುದು ಮ್ಯಾಚ್‌ಮೂವ್. ಹೊಸಬರಿಗೆ ಸಾಮಾನ್ಯವಾಗಿ ದೊರೆಯುವ ಮೊದಲ ಕುರ್ಚಿ ಈ ಮೂರರಲ್ಲೊಂದು. ಜಾಹೀರಾತಿನಲ್ಲಿ ತೋರಿಸುವ ಡ್ರ್ಯಾಗನ್ ಅಲ್ಲ.

ಇದನ್ನು ಯಾರೂ ಹಗುರವಾಗಿ ಕಾಣಬೇಕಾಗಿಲ್ಲ. ಬೇರೆಬೇರೆ ತುಣುಕುಗಳನ್ನು ಒಂದೇ ಕ್ಯಾಮೆರಾದಲ್ಲಿ ತೆಗೆದಂತೆ ಬೆಸೆಯುವ ಕಂಪೋಸಿಟರ್‌ಗಳಲ್ಲಿ ಅನೇಕರು ರೋಟೊದಿಂದಲೇ ಮೇಲೆ ಬಂದವರು. ಅಂಚು ಎಂದರೇನೆಂಬುದನ್ನು ಅರಿಯಲು ಅದಕ್ಕಿಂತ ಒಳ್ಳೆಯ ಶಾಲೆಯಿಲ್ಲ. ಆದರೆ ಅಲ್ಲಿಯೇ ನಿಂತರೆ ಕಷ್ಟ. ಗಣಕಯಂತ್ರವೇ ಮನುಷ್ಯಾಕೃತಿಯನ್ನು ಗುರುತಿಸಿ ಬೇರ್ಪಡಿಸುವ ಕೃತಕ ಬುದ್ಧಿಮತ್ತೆಯ ಸಾಧನಗಳು ಬಳಕೆಗೆ ಬಂದಿದ್ದು, ಈ ಮೊದಲ ಮೆಟ್ಟಿಲೇ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಆದ್ದರಿಂದ ರೋಟೊ ಮಾಡುತ್ತಿರುವ ಅವಧಿಯಲ್ಲೇ ಕಂಪೋಸಿಟಿಂಗ್, ಲೈಟಿಂಗ್ ಅಥವಾ ಬೆಂಕಿ-ನೀರುಗಳ ಎಫೆಕ್ಟ್ಸ್ ವಿಭಾಗಕ್ಕೆ ಸಿದ್ಧತೆ ನಡೆಸುವುದು ಅಗತ್ಯ. ಒಂದೇ ವಿಭಾಗದಲ್ಲಿ ಎರಡು ಮೂರು ವರ್ಷ ಹೊಸದೇನನ್ನೂ ಕಲಿಯದೆ ಕಳೆಯುವುದು ಅಪಾಯಕಾರಿಯೆಂಬುದು ಈ ಲೇಖಕನ ಅಭಿಪ್ರಾಯ.

ಅನಿಮೇಶನ್ ಕಡೆಗೆ ಹೋಗುವವರ ದಾರಿ ಬೇರೆ. ಆಕೃತಿ ರಚಿಸುವವರು, ಅದಕ್ಕೆ ಎಲುಬು-ಕೀಲು ಜೋಡಿಸುವ ರಿಗ್ಗರ್‌ಗಳು, ಅದನ್ನು ನಡೆಸುವ ಅನಿಮೇಟರ್‌ಗಳು ಪ್ರತ್ಯೇಕ. ಚಲನಚಿತ್ರದ ಮಟ್ಟದ ಕೆಲಸದಲ್ಲಿ ನುರಿತ ಅನಿಮೇಟರ್ ಒಂದು ವಾರಕ್ಕೆ ಕೆಲವೇ ಸೆಕೆಂಡುಗಳ ಚಲನೆಯನ್ನು ಮುಗಿಸಬಲ್ಲ. ಟಿವಿ ಸರಣಿಗಳಲ್ಲಿ ಅದರ ಎಷ್ಟೋ ಪಟ್ಟು ಬೇಗ ಮುಗಿಸಬೇಕಾಗುತ್ತದೆ.

ಕಲಿಕೆ ಮತ್ತು ಶುಲ್ಕ

ಸಾಫ್ಟ್‌ವೇರ್ ಕಲಿತರೆ ಸಾಕೆಂಬ ಭ್ರಮೆಯೇ ಈ ಕ್ಷೇತ್ರದ ದೊಡ್ಡ ಮೋಸ. ಮಾಯಾ, ನ್ಯೂಕ್, ಹೌಡಿನಿಗಳ ಗುಂಡಿಗಳನ್ನು ಆರು ತಿಂಗಳಲ್ಲಿ ಕಲಿಯಬಹುದು. ಭಾರ ಎಂದರೇನು, ನೆಗೆಯುವ ಮುನ್ನ ದೇಹ ಏಕೆ ಕುಗ್ಗುತ್ತದೆ ಎಂಬುದನ್ನು ಕಣ್ಣು ಕಲಿಯಬೇಕು. ಅದಕ್ಕೆ ಬೊರಿವಲಿಯ ಹುಡುಗರು ದೂರ ಹೋಗಬೇಕಾಗಿಲ್ಲ. ಊರಿನಿಂದ ಮೇಳದವರು ಬಂದು ಇಲ್ಲಿ ಯಕ್ಷಗಾನ ಆಡಿದಾಗ ಒಂದು ಸ್ಕೆಚ್ ಪುಸ್ತಕ ಹಿಡಿದು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಲಿ. ವೇಷಧಾರಿಯೊಬ್ಬ ಧೀಂಗಿಣ ಹಾಕುವ ಮುಂಚಿನ ಕ್ಷಣದ ಮೊಣಕಾಲು, ಸುತ್ತಿ ನಿಂತ ಬಳಿಕವೂ ನಿಲ್ಲದೆ ಬೀಸುವ ಸೋಗೆವಲ್ಲಿ ಇವು ಅನಿಮೇಶನ್ ಪಠ್ಯಗಳು ವಿವರಿಸುವ ತತ್ತ್ವಗಳೇ. ರಾಷ್ಟ್ರೀಯ ಉದ್ಯಾನದ ಜಿಂಕೆ, ಮಂಗಗಳೂ ಶುಲ್ಕ ಕೇಳದ ಗುರುಗಳು.

ಔಪಚಾರಿಕ ಶಿಕ್ಷಣಕ್ಕೆ ಪವಾಯಿಯ ಐಐಟಿಯ ಐಡಿಸಿ ವಿನ್ಯಾಸ ಶಾಲೆ ದೇಶದಲ್ಲೇ ಮುಂಚೂಣಿಯದು. ಅಲ್ಲಿ ಸ್ನಾತಕೋತ್ತರ ಹಂತದಲ್ಲಿ ಅನಿಮೇಶನ್ ಕಲಿಯಬಹುದು. ಹನ್ನೆರಡನೆಯ ತರಗತಿಯ ಬಳಿಕದ ಪದವಿ ವ್ಯಾಸಂಗಕ್ಕೆ ಯುಸೀಡ್, ಸ್ನಾತಕೋತ್ತರಕ್ಕೆ ಸೀಡ್ ಎಂಬ ಪರೀಕ್ಷೆಗಳಿವೆ. ಯುಸೀಡ್‌ಗೆ ವಿಜ್ಞಾನ ವಿಭಾಗದವರೇ ಆಗಬೇಕೆಂದಿಲ್ಲ, ವಾಣಿಜ್ಯ ಹಾಗೂ ಕಲಾ ವಿಭಾಗದವರೂ ಬರೆಯಬಹುದು. ಈ ವಿಷಯ ಅನೇಕ ಪಾಲಕರಿಗೆ ತಿಳಿದೇ ಇಲ್ಲ. ಅಹಮದಾಬಾದಿನ ಎನ್‌ಐಡಿ, ಮುಂಬಯಿಯ ಸರ್ ಜೆ.ಜೆ. ಕಲಾಶಾಲೆಗಳ ಹಿರಿಮೆ ಹಳೆಯದು. ಜೆ.ಜೆ.ಯಲ್ಲಿ ಕಲಿತ ಗೀತಾಂಜಲಿ ರಾವ್ ಅವರ ಕಿರುಚಿತ್ರ 'ಪ್ರಿಂಟೆಡ್ ರೇನ್‌ಬೋ' 2006ರಲ್ಲಿ ಕಾನ್ ಉತ್ಸವದ ಕ್ರಿಟಿಕ್ಸ್ ವೀಕ್ ವಿಭಾಗದಲ್ಲಿ ಪ್ರಶಸ್ತಿ ಗಳಿಸಿತು. ಫಿಲ್ಮ್ ಸಿಟಿಯೊಳಗೆ 2006ರಿಂದ ವಿಸ್ಲಿಂಗ್ ವುಡ್ಸ್ ಇದೆ. ಇವಲ್ಲದೆ ಅರೆನಾ, ಮ್ಯಾಕ್ ಮುಂತಾದ ಖಾಸಗಿ ತರಬೇತಿ ಸರಪಳಿಗಳ ಶಾಖೆಗಳು ಉಪನಗರಗಳಲ್ಲಿ ಹರಡಿಕೊಂಡಿವೆ. ಶಾಖೆಯಿಂದ ಶಾಖೆಗೆ ಗುಣಮಟ್ಟ ಬೇರೆಯಾಗಬಹುದಾದ್ದರಿಂದ ಫಲಕದ ಹೆಸರಿಗಿಂತ ಅಧ್ಯಾಪಕರ ಹೆಸರು ಮುಖ್ಯ.

ಶುಲ್ಕ ಕಟ್ಟುವ ಮುನ್ನ ಪಾಲಕರು ಹಿಂದಿನ ವರ್ಷದ ವಿದ್ಯಾರ್ಥಿಗಳ ಶೋರೀಲ್‌ಗಳನ್ನು ನೋಡಲು ಕೇಳಬೇಕು. ಪಾಠ ಹೇಳುವವರು ಸ್ಟುಡಿಯೋದಲ್ಲಿ ದುಡಿದವರೇ ಎಂದು ವಿಚಾರಿಸಬೇಕು. "ನೂರಕ್ಕೆ ನೂರು ಉದ್ಯೋಗ" ಎಂಬ ಮಾತನ್ನು ಬರವಣಿಗೆಯಲ್ಲಿ ಕೇಳಿದರೆ ಆ ಉತ್ಸಾಹ ಎಷ್ಟು ಇಳಿಯುತ್ತದೆಂಬುದೂ ತಿಳಿಯುತ್ತದೆ. ಕೆಲಸ ಕೊಡುತ್ತೇವೆಂದು ಠೇವಣಿ ಬೇಡುವ, ಮೂಲ ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳುವ ಸಂಸ್ಥೆಗಳಿಂದ ದೂರವಿರುವುದು ಲೇಸು. ಸಾಲ ಮಾಡುವುದಕ್ಕಿಂತ ಮುಂಚೆ ಆರು ತಿಂಗಳು ಉಚಿತವಾಗಿ ದೊರೆಯುವ ಬ್ಲೆಂಡರ್ ತಂತ್ರಾಂಶದಲ್ಲಿ ಮಗುವಿಗೆ ಮನಸ್ಸು ನಿಲ್ಲುತ್ತದೆಯೇ ಎಂದು ನೋಡಬಹುದು. 2025ರಲ್ಲಿ ಶ್ರೇಷ್ಠ ಅನಿಮೇಶನ್ ಚಿತ್ರಕ್ಕಾಗಿ ಆಸ್ಕರ್ ಪಡೆದ ಲಾಟ್ವಿಯಾ ದೇಶದ 'ಫ್ಲೋ' ಅದೇ ಬ್ಲೆಂಡರ್‌ನಲ್ಲಿ ತಯಾರಾದದ್ದು. ನ್ಯೂಕ್ ಹಾಗೂ ಹೌಡಿನಿಗಳಿಗೂ ಅಭ್ಯಾಸಿಗಳಿಗೆಂದೇ ಉಚಿತ ಆವೃತ್ತಿಗಳಿವೆ.

ಶೋರೀಲ್ ಎಂಬುದೇ ಇಲ್ಲಿನ ಅಂಕಪಟ್ಟಿ. ಒಂದೆರಡು ನಿಮಿಷ ಸಾಕು. ಉತ್ತಮವಾದದ್ದು ಮೊದಲು ಬರಲಿ, ದುರ್ಬಲವಾದದ್ದು ಬರುವುದೇ ಬೇಡ. ಗುಂಪಿನಲ್ಲಿ ಮಾಡಿದ ಕೆಲಸದಲ್ಲಿ ತನ್ನ ಪಾಲೆಷ್ಟೆಂದು ಪ್ರಾಮಾಣಿಕವಾಗಿ ಬರೆಯಬೇಕು. ಸ್ಟುಡಿಯೋಗಳ ಜಗತ್ತು ಚಿಕ್ಕದು, ಕದ್ದ ಶಾಟ್ ಬಹುಬೇಗ ಪತ್ತೆಯಾಗುತ್ತದೆ.

ಉಳಿಯುವ ಪ್ರಶ್ನೆ

ಪ್ರವೇಶಕ್ಕಿಂತ ಕಠಿಣವಾದದ್ದು ಉಳಿವು. 'ಲೈಫ್ ಆಫ್ ಪೈ' ಚಿತ್ರದ ಹುಲಿಯನ್ನು ಸೃಷ್ಟಿಸಿದ ರಿದಮ್ ಆ್ಯಂಡ್ ಹ್ಯೂಸ್ ಸಂಸ್ಥೆಗೆ ಮುಂಬಯಿ ಹಾಗೂ ಹೈದರಾಬಾದಿನಲ್ಲೂ ಸ್ಟುಡಿಯೋಗಳಿದ್ದವು. 2013ರ ಫೆಬ್ರವರಿಯಲ್ಲಿ ಆ ಚಿತ್ರಕ್ಕೆ ಆಸ್ಕರ್ ಬರುವ ಎರಡು ವಾರಗಳ ಮುಂಚೆಯಷ್ಟೇ ಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಿತ್ತು. 2023ರಲ್ಲಿ ಹಾಲಿವುಡ್‌ನ ಬರಹಗಾರರೂ ನಟರೂ ತಿಂಗಳುಗಟ್ಟಲೆ ಮುಷ್ಕರ ಹೂಡಿದಾಗ ಅಲ್ಲಿ ಚಿತ್ರೀಕರಣ ನಿಂತು, ಇಲ್ಲಿನ ಕಲಾವಿದರ ಮೇಜುಗಳು ಖಾಲಿಯಾದವು. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರಿನ ಅದರ ದೊಡ್ಡ ಸ್ಟುಡಿಯೋ ಕೂಡ ಮುಚ್ಚಿ ಸಾವಿರಾರು ಜನ ಒಮ್ಮೆಲೇ ಕೆಲಸ ಕಳೆದುಕೊಂಡರು. ಈ ಮೂರೂ ಸಂದರ್ಭಗಳಲ್ಲಿ ಇಲ್ಲಿನ ಕಲಾವಿದರ ಕೌಶಲದಲ್ಲಿ ಕೊರತೆಯಿರಲಿಲ್ಲ. ಮುಂಚಿತವಾಗಿ ದರ ನಿಗದಿಪಡಿಸಿಕೊಂಡು, ನಿರ್ದೇಶಕರು ಎಷ್ಟು ಸಲ ತಿದ್ದಿಸಿದರೂ ಅದೇ ಹಣದಲ್ಲಿ ಮುಗಿಸಿಕೊಡಬೇಕಾದ ವ್ಯವಹಾರಪದ್ಧತಿ, ತೆಳುವಾದ ಲಾಭ, ಪರದೇಶದ ಒಂದಿಬ್ಬರು ಗಿರಾಕಿಗಳ ಮೇಲಿನ ಅವಲಂಬನೆ ಇವೇ ಈ ಉದ್ಯಮದ ಹಳೆಯ ರೋಗಗಳು.

ಹೀಗಾಗಿ ಮೊದಲ ಸಂಬಳದಿಂದಲೇ ಆರು ತಿಂಗಳ ಮನೆಖರ್ಚಿನಷ್ಟನ್ನು ಕೂಡಿಡುವ ಅಭ್ಯಾಸ ಇಲ್ಲಿ ಇತರ ಉದ್ಯೋಗಗಳಿಗಿಂತ ಹೆಚ್ಚು ಅಗತ್ಯ. ನೇಮಕಪತ್ರದಲ್ಲಿ ಕೆಲಸ ಖಾಯಮೋ ಚಿತ್ರ ಮುಗಿಯುವವರೆಗಿನ ಕರಾರೋ ಎಂಬುದನ್ನು, ಭವಿಷ್ಯನಿಧಿ ಉಂಟೇ ಎಂಬುದನ್ನು ಓದಿಯೇ ಸಹಿ ಹಾಕಬೇಕು. ಸ್ವತಂತ್ರವಾಗಿ ದುಡಿಯುವವರು ಮುಂಗಡವಿಲ್ಲದೆ ಕೆಲಸ ಆರಂಭಿಸಬಾರದು, ಕಡಿತವಾದ ಟಿಡಿಎಸ್‌ನ ಲೆಕ್ಕವಿಟ್ಟುಕೊಳ್ಳಬೇಕು. ಬಿಡುಗಡೆಯ ದಿನ ಹತ್ತಿರವಾದಂತೆ ರಾತ್ರಿಗಳು ಉದ್ದವಾಗುತ್ತವೆ, ಕಣ್ಣು-ಬೆನ್ನುಗಳು ದಂಡ ತೆರುತ್ತವೆ. ಇಪ್ಪತ್ತೈದರ ಹರೆಯದಲ್ಲಿ ಸಹಿಸಿದ್ದನ್ನು ನಲವತ್ತರಲ್ಲಿ ಸಹಿಸಲಾಗದು. ಮೇಲ್ವಿಚಾರಕನಾಗುವ, ಕಲಿಸುವ, ಇಲ್ಲವೇ ಗೇಮ್, ವೈದ್ಯಕೀಯ, ವಾಸ್ತುಶಿಲ್ಪ ಕ್ಷೇತ್ರಗಳ ದೃಶ್ಯೀಕರಣಕ್ಕೆ ಹೊರಳುವ ದಾರಿಗಳನ್ನು ಮೊದಲೇ ನೋಡಿಟ್ಟುಕೊಂಡವರು ಉಳಿದಿದ್ದಾರೆ.

ಕನ್ನಡ ಬಲ್ಲ ಮುಂಬಯಿಯ ಹುಡುಗರಿಗೆ ಇನ್ನೊಂದು ಬಾಗಿಲೂ ತೆರೆದಿದೆ. ಕರ್ನಾಟಕವು 2012ರಲ್ಲೇ ಅನಿಮೇಶನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದು ಪ್ರತ್ಯೇಕ ನೀತಿ ರೂಪಿಸಿದ ರಾಜ್ಯ. 'ಕೆಜಿಎಫ್' ಮೊದಲ ಭಾಗದ ಎಫೆಕ್ಟ್ಸ್‌ಗೆ ರಾಷ್ಟ್ರಪ್ರಶಸ್ತಿ ಬಂತು. 2025ರ ಜುಲೈಯಲ್ಲಿ ಬೆಂಗಳೂರಿನ ಹೊಂಬಾಳೆ ಸಂಸ್ಥೆ ಅರ್ಪಿಸಿದ 'ಮಹಾವತಾರ್ ನರಸಿಂಹ' ಅನಿಮೇಶನ್ ಚಿತ್ರವನ್ನು ಜನ ಕಿಕ್ಕಿರಿದು ನೋಡಿದರು. ನಿರ್ದೇಶಕನ ಮನಸ್ಸನ್ನು ಅವನದೇ ಭಾಷೆಯಲ್ಲಿ ಅರಿಯಬಲ್ಲ ಕಲಾವಿದನಿಗೆ ಸ್ಥಳೀಯ ಚಿತ್ರೋದ್ಯಮದಲ್ಲಿ ಇರುವ ಅನುಕೂಲವನ್ನು ಹಾಲಿವುಡ್‌ನ ಹೊರಗುತ್ತಿಗೆ ಕೊಡಲಾರದು.

ಕೇಂದ್ರ ಸರಕಾರದ ಭಾರತೀಯ ಸೃಜನಶೀಲ ತಂತ್ರಜ್ಞಾನ ಸಂಸ್ಥೆ 2025ರ ಜುಲೈಯಲ್ಲಿ ಪೆಡ್ಡರ್ ರಸ್ತೆಯ ಎನ್‌ಎಫ್‌ಡಿಸಿ ಆವರಣದಲ್ಲಿ ಆರಂಭಗೊಂಡಿದ್ದು, ಅದರ ವಿಶಾಲ ಆವರಣಕ್ಕೆ ಗೋರೆಗಾಂವ್ ಫಿಲ್ಮ್ ಸಿಟಿಯಲ್ಲಿ ಜಾಗ ಗೊತ್ತುಪಡಿಸಲಾಗಿದೆ. ಪೆಡ್ಡರ್ ರಸ್ತೆಯ ಅದೇ ಆವರಣದಲ್ಲಿ 2019ರಲ್ಲಿ ಉದ್ಘಾಟನೆಗೊಂಡ ಭಾರತೀಯ ಸಿನಿಮಾ ರಾಷ್ಟ್ರೀಯ ವಸ್ತುಸಂಗ್ರಹಾಲಯವೂ ಇದೆ. ಪ್ರವೇಶದ ವಿಚಾರಣೆಗೆ ಹೋದವರು ಮಕ್ಕಳಿಗೆ ಅದನ್ನೂ ತೋರಿಸಿಕೊಂಡು ಬರಬಹುದು.