ಪೆರಾದ ಬೆಂಕಿಯೂ ವಿದೇಶೀಯರ ಮನೆಗಳೂ

ಗೃಹವಿಮೆಯ ಚರಿತ್ರೆಯನ್ನು ಹೇಳಹೊರಟವರು 1666ರ ಸೆಪ್ಟೆಂಬರಿನಲ್ಲಿ ಲಂಡನ್ ನಗರವನ್ನು ದಹಿಸಿದ ಮಹಾಗ್ನಿಯಿಂದ ಮೊದಲುಮಾಡುವುದು ವಾಡಿಕೆಯಾಗಿದೆ. ಆಗ ಹದಿಮೂರು ಸಾವಿರಕ್ಕೂ ಮಿಕ್ಕು ಮನೆಗಳು ಭಸ್ಮವಾದುವು. ಎರಡು ದಶಕಗಳು ತುಂಬುವ ಮೊದಲೇ, ವೈದ್ಯಶಾಸ್ತ್ರವನ್ನು ಓದಿಯೂ ಮನೆ ಕಟ್ಟಿಸುವ ವ್ಯವಹಾರಕ್ಕೆ ಇಳಿದಿದ್ದ ನಿಕೊಲಸ್ ಬಾರ್ಬನ್ ಎಂಬಾತನು ಅದೇ ನಗರದಲ್ಲಿ ಅಗ್ನಿವಿಮೆಯ ಕಚೇರಿಯೊಂದನ್ನು ತೆರೆದನು. ಬೆಂಕಿಯು ಭಯವನ್ನೂ ಭಯವು ವಿಮೆಯನ್ನೂ ಹಡೆಯಿತೆಂಬ ಈ ವಂಶಾವಳಿಯು ಲಂಡನ್ನಿನ ಮಟ್ಟಿಗೆ ಸರಿಯಾಗಿ ಕಾಣಬಹುದಾದರೂ, ಅದಕ್ಕಿಂತ ಎಷ್ಟೋ ಹೆಚ್ಚು ಸಲ ಉರಿದ ಇಸ್ತಾಂಬೂಲಿಗೆ ಅದನ್ನು ಅನ್ವಯಿಸಿದರೆ ನಿಲ್ಲುವುದಿಲ್ಲ. ಶತಮಾನಗಳ ಪರ್ಯಂತ ಬೆಂದರೂ ಆ ನಗರದಲ್ಲಿ ವಿಮೆಯ ವ್ಯವಹಾರವು ಬೇರೂರಲಿಲ್ಲ. ಬೇರೂರಿದುದು ಅಲ್ಲಿನ ವಿದೇಶೀಯನಿಗೆ ತನ್ನ ಮನೆಯನ್ನು ತನ್ನದೆಂದು ಹೇಳಿಕೊಳ್ಳುವ ಹಕ್ಕು ದೊರೆತ ಮೇಲೆಯೇ.

ಇಸ್ತಾಂಬೂಲಿನ ಸುವರ್ಣಶೃಂಗವೆಂಬ ಕೊಲ್ಲಿಯ ಉತ್ತರದ ದಡದಲ್ಲಿ ಗಲಾಟಾ, ಅದರ ಮೇಲಣ ದಿಣ್ಣೆಯಲ್ಲಿ ಪೆರಾ. ಜಿನೋವಾ, ವೆನಿಸ್, ಫ್ರಾನ್ಸ್, ಇಂಗ್ಲೆಂಡುಗಳ ವರ್ತಕರೂ ರಾಯಭಾರಿಗಳೂ ತಲೆಮಾರುಗಳಿಂದ ನೆಲಸಿದ್ದ ಈ ಬಡಾವಣೆಗಳಲ್ಲಿ ಕಲ್ಲಿನ ಇಗರ್ಜಿಗಳೂ ರಾಯಭಾರ ಸೌಧಗಳೂ ಇದ್ದುವಾದರೂ, ವಾಸದ ಮನೆಗಳಲ್ಲಿ ಬಹುಭಾಗವು ಮರದವೇ ಆಗಿದ್ದುವು. ಬೆಂಕಿಯನ್ನು ದೂರದಿಂದಲೇ ಕಂಡು ಸಾರುವುದಕ್ಕಾಗಿ ಗಲಾಟಾ ಗೋಪುರದ ಮೇಲೂ, 1828ರಲ್ಲಿ ಕಲ್ಲಿನಿಂದ ಕಟ್ಟಿದ ಬೆಯಾಜಿತ್ ಗೋಪುರದ ಮೇಲೂ ಕಾವಲುಗಾರರು ಹಗಲಿರುಳೂ ನಿಂತಿರುತ್ತಿದ್ದರು. ಹಗಲಾದರೆ ಬುಟ್ಟಿಗಳನ್ನೂ ಇರುಳಾದರೆ ಲಾಂದ್ರಗಳನ್ನೂ ತೂಗಹಾಕಿ ಸಂಜ್ಞೆ ಕೊಡುತ್ತಿದ್ದರು. ಮತಾಂತರಗೊಂಡು ದಾವೂದನೆಂಬ ಹೆಸರು ಪಡೆದ ಫ್ರೆಂಚನೊಬ್ಬನ ನೇತೃತ್ವದಲ್ಲಿ 1720ರ ಸುಮಾರಿಗೆ ಏರ್ಪಟ್ಟ ಟುಲುಂಬಜಿಗಳ ಪಡೆಯು ನೀರೆತ್ತುವ ಪಂಪನ್ನು ಹೆಗಲ ಮೇಲೆ ಹೊತ್ತು ಬೀದಿಯಲ್ಲಿ ಓಡುತ್ತಿದ್ದಿತು. ಇಷ್ಟಿದ್ದರೂ ಗಾಳಿಯೆದ್ದ ದಿನ ಇವರಿಂದ ಆಗುತ್ತಿದ್ದುದು ಅಲ್ಪವೇ. 1831ರ ಬೆಂಕಿಯಲ್ಲಿ ಬ್ರಿಟಿಷ್ ರಾಯಭಾರ ಸೌಧವೂ ಸೇರಿ ಪೆರಾದ ಬಹುಭಾಗವು ಸುಟ್ಟುಹೋಯಿತು.

ಹೀಗೆ ಉರಿದ ಮೇಲೆ ಮನೆಯೊಡೆಯನು ಯಾರತ್ತ ನೋಡಬೇಕಾಗಿದ್ದಿತು? ಸ್ಥಳೀಯನಿಗೆ ನೆರೆಹೊರೆಯ ಆಸರೆಯಿದ್ದಿತು. ಮೊಹಲ್ಲಾದ ಜನರ ಆಪತ್ತಿಗೆಂದು ದತ್ತಿಯಾಗಿ ಇಟ್ಟಿದ್ದ ಅವಾರಿಜ್ ವಕ್ಫಗಳೆಂಬ ನಿಧಿಗಳಿದ್ದುವು. ವಿಮೆಯ ವಿಚಾರದಲ್ಲಿ ಧರ್ಮಶಾಸ್ತ್ರಜ್ಞರ ಮನಸ್ಸು ಅನುಕೂಲವಾಗಿರಲಿಲ್ಲ. 1836ರಲ್ಲಿ ತೀರಿಕೊಂಡ ಡಮಾಸ್ಕಸ್ಸಿನ ಪ್ರಸಿದ್ಧ ನ್ಯಾಯವೇತ್ತ ಇಬ್ನ್ ಆಬಿದೀನನು, ಯೂರೋಪಿನ ವರ್ತಕರು ಹಡಗಿನ ಸರಕಿಗೆ ಮಾಡಿಸುತ್ತಿದ್ದ ವಿಮೆಯನ್ನು ವಿಚಾರಿಸಿ, ಅದರಿಂದ ಬರುವ ಪರಿಹಾರವನ್ನು ಇಸ್ಲಾಮೀ ನಾಡಿನೊಳಗೆ ಮುಸಲ್ಮಾನನು ಸ್ವೀಕರಿಸುವುದು ಸಮ್ಮತವಲ್ಲವೆಂದು ತೀರ್ಪು ಬರೆದಿದ್ದನು. ಆದರೆ ವಿದೇಶೀಯನಿಗೆ ಈ ಶಾಸ್ತ್ರದ ನಿರ್ಬಂಧವಿರಲಿಲ್ಲ; ಅವನ ತೊಡಕು ಬೇರೆಯದು. ಆಟೊಮನ್ ಸಾಮ್ರಾಜ್ಯದಲ್ಲಿ ನೆಲವನ್ನು ತನ್ನ ಹೆಸರಿನಲ್ಲಿ ಹೊಂದುವ ಅಧಿಕಾರವೇ ಅವನಿಗೆ ಇರಲಿಲ್ಲವಾಗಿ, ಅವನು ಕೊಂಡ ಮನೆಯ ಪತ್ರವು ಸುಲ್ತಾನನ ಪ್ರಜೆಯಾದ ಯಾವನೋ ನಂಬಿಕಸ್ಥನ ಹೆಸರಿನಲ್ಲಿಯೋ, ಹಲವೊಮ್ಮೆ ಮನೆಯ ಹೆಂಗಸರ ಹೆಸರಿನಲ್ಲಿಯೋ ಇರುತ್ತಿದ್ದಿತು. ಹಣ ಕೊಟ್ಟವನು ಒಬ್ಬನಾಗಿ, ಕಾಗದದ ಒಡೆಯನು ಇನ್ನೊಬ್ಬನಾಗಿ ಇರುವಲ್ಲಿ, ನಷ್ಟವು ಯಾರದೆಂಬ ಮೊದಲ ಪ್ರಶ್ನೆಗೇ ಉತ್ತರವಿಲ್ಲ. ವಿಮೆಯಾದರೋ ಆ ಉತ್ತರದ ತಳಹದಿಯ ಮೇಲೆಯೇ ನಿಲ್ಲತಕ್ಕ ಕರಾರು.

ಈ ತೊಡಕನ್ನು ಬಿಡಿಸಿದುದು 1867ರ ಜೂನ್ ತಿಂಗಳ ಶಾಸನ. ಸಾಲದ ಭಾರವೂ ಯೂರೋಪಿನ ರಾಷ್ಟ್ರಗಳ ಒತ್ತಾಯವೂ ಒಂದುಗೂಡಿದ ಆ ಕಾಲದಲ್ಲಿ, ಪವಿತ್ರ ಹಿಜಾಜ್ ಪ್ರಾಂತವೊಂದನ್ನು ಬಿಟ್ಟು ಸಾಮ್ರಾಜ್ಯದ ಬೇರೆಲ್ಲೆಡೆಗಳಲ್ಲಿಯೂ ವಿದೇಶೀಯರು ಸ್ಥಿರಾಸ್ತಿಯನ್ನು ತಮ್ಮ ಹೆಸರಿನಲ್ಲಿಯೇ ಪಡೆಯಬಹುದೆಂದು ಆಟೊಮನ್ ಸರ್ಕಾರವು ವಿಧಿಸಿತು. ಅದಕ್ಕೆ ಪ್ರತಿಯಾಗಿ, ಆ ಆಸ್ತಿಯ ಮಟ್ಟಿಗೆ ಅವರು ಸುಲ್ತಾನನ ಕಾನೂನಿಗೂ ಕಂದಾಯಕ್ಕೂ ನ್ಯಾಯಸ್ಥಾನಕ್ಕೂ ಒಳಪಡಬೇಕೆಂಬ ನಿಬಂಧನೆಯನ್ನು ಹಾಕಿತು. 1868ರಲ್ಲಿ ಫ್ರಾನ್ಸ್ ಈ ನಿಬಂಧನೆಯನ್ನು ಒಪ್ಪುವ ಒಡಂಬಡಿಕೆಗೆ ರುಜು ಹಾಕಿತು. ಉಳಿದ ರಾಷ್ಟ್ರಗಳು ಒಂದೊಂದಾಗಿ ಅನುಸರಿಸಿದುವು. ಅಂದಿನಿಂದ ವಿದೇಶೀಯನ ಕೈಗೆ ಸ್ವಂತ ಹೆಸರಿನ ತಾಪು, ಅಂದರೆ ಹಕ್ಕುಪತ್ರ, ಬರತೊಡಗಿತು.

ಮೂರು ವರ್ಷಗಳೂ ತುಂಬಿರಲಿಲ್ಲ. 1870ರ ಜೂನ್ 5, ಭಾನುವಾರ, ತಕ್ಸೀಮಿನ ಬಳಿಯ ಮನೆಯೊಂದರಲ್ಲಿ ಹೊತ್ತಿಕೊಂಡ ಬೆಂಕಿಯು ಬಿರುಗಾಳಿಯ ನೆರವಿನಿಂದ ಪೆರಾದ ಬೀದಿಬೀದಿಗಳನ್ನು ವ್ಯಾಪಿಸಿ ಸಾವಿರಾರು ಕಟ್ಟಡಗಳನ್ನು ನುಂಗಿತು. ಯೂರೋಪಿನ ಸಂಗೀತ ನಾಟಕಗಳಿಗೆ ತವರಾಗಿದ್ದ ನವೂಮ್ ರಂಗಮಂದಿರವು ನಾಶವಾಯಿತು. ಒಮ್ಮೆ ಸುಟ್ಟು ಮತ್ತೆ ಕಲ್ಲಿನಲ್ಲಿ ಮೇಲೆದ್ದಿದ್ದ ಬ್ರಿಟಿಷ್ ರಾಯಭಾರ ಸೌಧವೂ ಒಳಗೆಲ್ಲ ಬೆಂದು ಗೋಡೆಮಾತ್ರವಾಗಿ ಉಳಿಯಿತು. ನಾಲ್ಕು ವರ್ಷಗಳ ತರುವಾಯ ಅಲ್ಲಿಗೆ ಬಂದ ಇಟಲಿಯ ಲೇಖಕ ಎಡ್ಮಂಡೊ ಡಿ ಅಮೀಚಿಸನು ತನ್ನ ಪ್ರವಾಸಗ್ರಂಥದಲ್ಲಿ ಈ ಅಗ್ನಿಕಾಂಡಕ್ಕೆ ಅನೇಕ ಪುಟಗಳನ್ನು ಮೀಸಲಿಟ್ಟನೆಂದರೆ, ಜನರ ಬಾಯಲ್ಲಿ ಅದು ಇನ್ನೂ ಎಷ್ಟು ಹಸಿಯಾಗಿದ್ದಿತೆಂಬುದನ್ನು ಊಹಿಸಬಹುದು. ಹಿಂದಿನ ಬೆಂಕಿಗಳಿಗಿಂತ ಇದು ಕ್ರೂರವಾಗಿದ್ದಿತೋ ಇಲ್ಲವೋ, ಒಂದು ವಿಷಯದಲ್ಲಿ ಮಾತ್ರ ಬೇರೆಯಾಗಿದ್ದಿತು: ಈ ಸಲ ಬೂದಿಗೆ ಒಡೆಯರಿದ್ದರು.

1872ರ ವೇಳೆಗೆ ಸನ್, ನಾರ್ದರ್ನ್, ನಾರ್ತ್ ಬ್ರಿಟಿಷ್ ಎಂಬ ಬ್ರಿಟನ್ನಿನ ಸಂಸ್ಥೆಗಳು ಇಸ್ತಾಂಬೂಲಿನಲ್ಲಿ ಏಜೆಂಟರನ್ನು ನೇಮಿಸಿ ವ್ಯವಹಾರಕ್ಕೆ ತೊಡಗಿದುವು; ಇವುಗಳ ಪೈಕಿ ಸನ್ ಎಂಬುದು 1710ರಲ್ಲಿಯೇ ಲಂಡನ್ನಿನಲ್ಲಿ ಹುಟ್ಟಿದ ಹಿರಿಯ ಕಚೇರಿ. ವಿಮೆ ಪಡೆದ ಮನೆಗಳ ಮುಂಗೋಡೆಯಲ್ಲಿ ಸಂಸ್ಥೆಯ ಲಾಂಛನವುಳ್ಳ ಲೋಹದ ಫಲಕಗಳು ಕಾಣಿಸಿಕೊಂಡುವು. ಗೋಡೆ ಮರದ್ದೋ ಇಟ್ಟಿಗೆಯದೋ, ನೆರೆಮನೆ ಎಷ್ಟು ಸಮೀಪ, ಕೆಳಅಂತಸ್ತಿನ ಅಂಗಡಿಯಲ್ಲಿ ಎಂಥ ಸರಕು ಎಂಬ ವಿವರಗಳ ಮೇಲೆ ಕಂತಿನ ಹಣವನ್ನು ಕಟ್ಟುವುದು ಈ ಉದ್ಯೋಗದ ಕ್ರಮವಾದುದರಿಂದ, ದೂರದ ಲಂಡನ್ನಿನಲ್ಲಿ ಕುಳಿತವನಿಗೆ ಇಲ್ಲಿನ ಗಲ್ಲಿಗಳ ಸ್ವರೂಪವು ಕಾಗದದ ಮೇಲೆ ಕಾಣಬೇಕಾಗಿದ್ದಿತು. ಆ ಕಣ್ಣನ್ನು ಒದಗಿಸಿದವನು ಚಾರ್ಲ್ಸ್ ಎಡ್ವರ್ಡ್ ಗೋಡ್. ಕೆನಡಾದ ಊರುಗಳನ್ನು ವಿಮಾಸಂಸ್ಥೆಗಳಿಗಾಗಿ ಅಳೆದು ಹೆಸರಾದ ಈತನ ಕಚೇರಿಯು 1904ರಿಂದ 1906ರವರೆಗೆ ಇಸ್ತಾಂಬೂಲಿನ ನಕ್ಷೆಗಳನ್ನು ಸಿದ್ಧಪಡಿಸಿತು. ಯಾವ ಕಟ್ಟಡವು ಯಾವುದರಿಂದ ಕಟ್ಟಿದುದೆಂಬುದನ್ನು ಬಣ್ಣಗಳಿಂದಲೇ ತಿಳಿಸುವ ಅಂಥ ನಕ್ಷೆಗಳನ್ನು ಮುಂದೆ 1922ರಿಂದ 1945ರ ವರೆಗೆ ಜಾಕ್ ಪೆರ್ವಿಟಿಚ್ ಇನ್ನಷ್ಟು ವಿಸ್ತರಿಸಿದನು. ಕಂತಿನ ಲೆಕ್ಕಕ್ಕೆಂದು ಬರೆದ ಈ ಹಾಳೆಗಳೇ ಇಂದು ಅಳಿದುಹೋದ ಆ ನಗರಕ್ಕೆ ಉತ್ತಮ ಸಾಕ್ಷ್ಯವಾಗಿವೆ. ಇತ್ತ ಸುಲ್ತಾನನ ಆಹ್ವಾನದ ಮೇರೆಗೆ 1874ರಲ್ಲಿ ಬಂದ ಹಂಗೆರಿಯ ಕೌಂಟ್ ಓಡನ್ ಸೆಚೆನಿಯು ಆಧುನಿಕ ಅಗ್ನಿಶಾಮಕ ದಳವನ್ನು ಕಟ್ಟಿ, ಪಾಷಾ ಪದವಿಯನ್ನು ಪಡೆದು, ಆ ನಗರದಲ್ಲಿಯೇ ದೇಹಬಿಟ್ಟನು.

ಇಷ್ಟಾದರೂ ಒಂದು ವೈಷಮ್ಯವು ಉಳಿದೇ ಇದ್ದಿತು. ಮನೆಯು ಸುಲ್ತಾನನ ಕಾನೂನಿಗೆ ಒಳಪಟ್ಟಿದ್ದರೂ, ಆ ಮನೆಯ ವಿಮಾಪತ್ರವು ಅವನ ಕಾನೂನಿಗೆ ಹೊರಗಾಗಿಯೇ ನಡೆಯುತ್ತಿದ್ದಿತು. ಪತ್ರದ ಭಾಷೆ ಇಂಗ್ಲಿಷ್ ಇಲ್ಲವೆ ಫ್ರೆಂಚ್, ಷರತ್ತುಗಳು ಹೊರನಾಡಿನವು. 1893ರಲ್ಲಿ ಆಟೊಮನ್ ಬ್ಯಾಂಕಿನವರೂ ಇತರರೂ ಸೇರಿ ಸ್ಥಳೀಯ ಸಂಸ್ಥೆಯೊಂದನ್ನು ಸ್ಥಾಪಿಸಿದರೂ, 1900ರಲ್ಲಿ ನಲವತ್ತಕ್ಕೂ ಹೆಚ್ಚು ಅಗ್ನಿವಿಮಾ ಸಂಸ್ಥೆಗಳು ಸಂಘ ಕಟ್ಟಿ ಸಮಾನ ದರಗಳನ್ನು ಗೊತ್ತುಮಾಡಿಕೊಂಡಾಗ ಅವುಗಳಲ್ಲಿ ಬಹುಪಾಲು ವಿದೇಶದವೇ ಆಗಿದ್ದುವು. ಈ ವೈಷಮ್ಯವು ಎದ್ದುಕಂಡದ್ದು 1922ರ ಸೆಪ್ಟೆಂಬರಿನಲ್ಲಿ ಸ್ಮರ್ನಾ ನಗರವು ಯುದ್ಧದ ಕೊನೆಯಲ್ಲಿ ಉರಿದಾಗ. ಆಕಸ್ಮಿಕದ ಬೆಂಕಿಗೆ ಪರಿಹಾರವುಂಟು, ಯುದ್ಧ ದಂಗೆಗಳ ಬೆಂಕಿಗೆ ಇಲ್ಲವೆಂಬ ಷರತ್ತನ್ನು ಮುಂದಿಟ್ಟುಕೊಂಡು ಅಮೆರಿಕದ ತಂಬಾಕಿನ ಕಂಪನಿಗೂ ಇಂಗ್ಲಿಷ್ ವಿಮಾಸಂಸ್ಥೆಗೂ ನಡೆದ ವ್ಯಾಜ್ಯವನ್ನು 1924ರಲ್ಲಿ ವಿಚಾರಿಸಿದುದು ಲಂಡನ್ನಿನ ನ್ಯಾಯಾಲಯ. ಏಜಿಯನ್ ದಡದಲ್ಲಿ ಬೆಂಕಿ ಇಟ್ಟವರು ಯಾರೆಂಬ ಪ್ರಶ್ನೆಗೆ ಥೇಮ್ಸ್ ದಡದಲ್ಲಿ ಸಾಕ್ಷಿಗಳು ನುಡಿಯಬೇಕಾಯಿತು.

ತುರ್ಕಿಯ ಹೊಸ ಗಣರಾಜ್ಯವು ಇದನ್ನು ಬಹುಕಾಲ ಸಹಿಸಲಿಲ್ಲ. 1923ರ ಲೊಸಾನ್ ಒಪ್ಪಂದವು ವಿದೇಶೀಯರ ವಿಶೇಷ ಹಕ್ಕುಗಳನ್ನು ತೊಡೆದುಹಾಕಿತು. 1927ರ ಕಾನೂನು ವಿಮಾಸಂಸ್ಥೆಗಳನ್ನು ಸರ್ಕಾರದ ಮೇಲ್ವಿಚಾರಣೆಗೆ ತಂದಿತು. 1929ರಲ್ಲಿ ರಾಷ್ಟ್ರೀಯ ಮರುವಿಮಾ ಸಂಸ್ಥೆಯು ಜನಿಸಿತು. ಮರದ ಮನೆಗಳು ಹೋಗಿ ಕಾಂಕ್ರೀಟಿನವು ಬಂದ ಮೇಲೆ ಭಯವೂ ರೂಪಾಂತರ ಹೊಂದಿತು. 1999ರ ಆಗಸ್ಟ್ 17ರ ಮಾರ್ಮರಾ ಭೂಕಂಪದಲ್ಲಿ ಅಧಿಕೃತ ಲೆಕ್ಕದಂತೆಯೇ 17,000ಕ್ಕೂ ಹೆಚ್ಚು ಜನ ಮಡಿದ ತರುವಾಯ, 2000ದಿಂದ ವಾಸದ ಮನೆಗಳಿಗೆ ಭೂಕಂಪವಿಮೆಯು ಕಡ್ಡಾಯವಾಯಿತು. ಅದನ್ನು ನಿರ್ವಹಿಸುವ ದಾಸ್ಕ್ ಎಂಬ ನಿಧಿಯ ವಿಮಾಪತ್ರವಿಲ್ಲದೆ ಇಂದು ಅಲ್ಲಿ ಮನೆ ಕೊಳ್ಳುವ ವಿದೇಶೀಯನಿಗೆ ನೋಂದಣಿ ಕಚೇರಿಯಲ್ಲಿ ತಾಪು ದೊರೆಯದು, ನೀರು ವಿದ್ಯುತ್ತುಗಳ ಸಂಪರ್ಕವೂ ದೊರೆಯದು. ಆ ಪತ್ರವು ಕಾಯುವುದು ಭೂಕಂಪಕ್ಕೂ ಅದರಿಂದ ಹುಟ್ಟುವ ಬೆಂಕಿಗೂ ಸಿಕ್ಕ ಕಟ್ಟಡವನ್ನು, ಅದೂ ಒಂದು ಮಿತಿಯವರೆಗೆ. ಒಳಗಿನ ಸಾಮಾನಿಗೂ ಸಾಧಾರಣ ಬೆಂಕಿಗೂ ಅವನು ಬೇರೆ ವಿಮೆಯನ್ನು ಮಾಡಿಸಬೇಕು. 1872ರಲ್ಲಿ ಹಕ್ಕುಪತ್ರ ಪಡೆದವನು ತನ್ನ ನಾಡಿನ ವಿಮೆಯನ್ನು ಸ್ವೇಚ್ಛೆಯಿಂದ ಹಿಂದೆ ಕರೆತರುತ್ತಿದ್ದನು. ಈಗಿನವನಿಗೆ ಆತಿಥೇಯ ರಾಜ್ಯದ ವಿಮೆ ಮುಂದೆ, ಹಕ್ಕುಪತ್ರ ಅದರ ಹಿಂದೆ. ಪರನಾಡಿನಲ್ಲಿ ಮನೆ ಹೊಂದುವುದೆಂದರೆ ಆ ನಾಡಿನ ಆಪತ್ತಿನಲ್ಲಿಯೂ ಪಾಲುದಾರನಾಗುವುದೆಂಬ ತತ್ತ್ವವು 1867ರ ಶಾಸನದಲ್ಲಿ ಅರ್ಧ ಉಚ್ಚರಿತವಾಗಿ, ಪೂರ್ಣವಾಗಿ ಜಾರಿಗೆ ಬರಲು 133 ವರ್ಷಗಳು ಹಿಡಿದುವು.