ಎರಡಾಣೆಯ ನೆಲದಲ್ಲಿ ವೈದ್ಯವಿದ್ಯೆ

ಪರ್ಕಳದಿಂದ ಉಡುಪಿಗೆ ಹೋಗುವ ದಾರಿ ಮಣಿಪಾಲದ ಗುಡ್ಡವನ್ನು ಹತ್ತಿ ಇಳಿಯುತ್ತದೆ. ಇಂದು ಆ ಗುಡ್ಡದ ತುಂಬ ಮಹಡಿಯ ಮೇಲೆ ಮಹಡಿ. ಹಿಂದೆ ಅಲ್ಲಿದ್ದದ್ದು ಮುರಕಲ್ಲು, ಮುಳಿಹುಲ್ಲು, ಮಣ್ಣಪಳ್ಳವೆಂಬ ಕೆರೆ. ಆ ಪಳ್ಳವೇ ಊರಿಗೆ ಹೆಸರಾಯಿತು. ಇಂಥ ಬೋಳುಗುಡ್ಡದ ಮೇಲೆ ವೈದ್ಯಕೀಯ ಕಾಲೇಜು ಹುಟ್ಟಿದ್ದು ಹೇಗೆ, ಅದರ ಖರ್ಚನ್ನು ಹೊತ್ತವರು ಯಾರು ಎಂದು ನೆರೆಯೂರಿನವನಾದ ನಾನು ಹಲವು ಸಲ ಯೋಚಿಸಿದ್ದುಂಟು.

ಕತೆಯ ಮೊದಲ ಅಧ್ಯಾಯ ಒಂದು ಬ್ಯಾಂಕಿನದು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ. ಎಂ. ಎ. ಪೈ ಈ ಮೂವರು 8,000 ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ ಒಂದು ಬ್ಯಾಂಕು ತೆರೆದರು. ಕಷ್ಟದಲ್ಲಿದ್ದ ಕೈಮಗ್ಗದವರಿಗೆ ನೆರವಾಗುವುದು ಅವರ ಉದ್ದೇಶ. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದದ್ದು ಇದೇ. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನವನೇ ದಿನವೂ ಬಾಗಿಲಿಗೆ ಬಂದು ಎರಡಾಣೆಯಾದರೂ ಸರಿ, ಪಡೆದು ಲೆಕ್ಕಕ್ಕೆ ಬರೆದುಕೊಳ್ಳುತ್ತಿದ್ದ. ಹನಿಗೂಡಿ ಹಳ್ಳವೆಂಬ ಗಾದೆಯನ್ನು ಲೆಕ್ಕದ ಪುಸ್ತಕಕ್ಕೆ ಇಳಿಸಿದವರು ಇವರು.

ಎರಡನೆಯ ಅಧ್ಯಾಯ ವಿದ್ಯೆಯದು. ಆಗಿನ ದಕ್ಷಿಣ ಕನ್ನಡ ಮದರಾಸು ರಾಜ್ಯಕ್ಕೆ ಸೇರಿತ್ತು. ಮೈಸೂರು ಸಂಸ್ಥಾನದಲ್ಲಿ 1924ರಿಂದ ವೈದ್ಯಕೀಯ ಕಾಲೇಜಿದ್ದರೂ ಅದು ಬೇರೆ ಆಡಳಿತದ್ದು. ಡಾಕ್ಟರಾಗಬೇಕೆಂಬ ಕರಾವಳಿಯ ಹುಡುಗ ದೂರದ ಮದರಾಸಿಗೆ ಹೋಗಬೇಕು, ಡಾ. ಪೈಯವರೂ ಹಾಗೆ ಹೋಗಿ ಕಲಿತವರೇ. 1942ರಲ್ಲಿ ಅವರು ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸ್ಥಾಪಿಸಿದರು; 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಹುಟ್ಟಿತು.

ಸರಕಾರದ ಅನುದಾನಕ್ಕೆ ಕಾದು ಕುಳಿತಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ. ಕಲಿಯುವವನ ಮನೆಯವರೇ ಕಲಿಕೆಯ ವೆಚ್ಚ ಹೊರಬೇಕೆಂಬ ಏರ್ಪಾಟು, ದೇಶದ ವೈದ್ಯವಿದ್ಯೆಗೆ ಹೊಸತು. ವೈದ್ಯಕೀಯ ಕಾಲೇಜಿಗೆ ಅತಿ ಹೆಚ್ಚು ಹಣ ಬೇಡುವುದು ಆಸ್ಪತ್ರೆ. ಅದಕ್ಕೂ ಉಪಾಯ ದೊರೆಯಿತು: ಮೊದಲ ವರ್ಷಗಳ ಪಾಠ ಮಣಿಪಾಲದಲ್ಲಿ, ರೋಗಿಗಳ ಬಳಿ ನಿಂತು ಕಲಿಯುವುದು ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ. ಪದವಿ ಕೊಟ್ಟದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಅದು ಆಗ ಮುಂಬಯಿ ರಾಜ್ಯದಲ್ಲಿತ್ತು. ಕಾಲೇಜು ಒಂದು ರಾಜ್ಯದಲ್ಲಿ, ವಿಶ್ವವಿದ್ಯಾಲಯ ಇನ್ನೊಂದರಲ್ಲಿ! 1956ರ ಏಕೀಕರಣಕ್ಕೆ ಮೂರು ವರ್ಷ ಮೊದಲೇ ಕನ್ನಡನಾಡು ಈ ವಿಷಯದಲ್ಲಿ ಒಂದಾಗಿತ್ತು. ಮಣಿಪಾಲದಲ್ಲೇ ಆಸ್ಪತ್ರೆ ಬಂದದ್ದು 1961ರಲ್ಲಿ.

ಇದರಿಂದಾದ ಉಪಕಾರ ಸಣ್ಣದಲ್ಲ. ಹೆರಿಗೆಗೋ ಹಾವು ಕಡಿದದ್ದಕ್ಕೋ ಹಳ್ಳಿಯವರು ಓಡುವುದು ಆ ಗುಡ್ಡಕ್ಕೇ. 1997ರಲ್ಲಿ ಮಲೇಷ್ಯದ ಮಲಾಕ್ಕಾದೊಡನೆ ಜೋಡಿ ಕಾಲೇಜೂ ಆಯಿತು. ಕಿನ್ನಿಗೋಳಿಯ ಡಾ. ದೇವಿ ಶೆಟ್ಟಿ ಮಂಗಳೂರಿನ ಕಸ್ತೂರ್ಬಾ ಕಾಲೇಜಿನಲ್ಲಿ ಕಲಿತವರು. ಸಹಕಾರಿ ರೈತರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯ ಹಿಂದೆ ಅವರ ಶ್ರಮವಿದೆ. ಅದರ ಮೊದಲ ಕಂತು ತಿಂಗಳಿಗೆ 5 ರೂಪಾಯಿ. ಎರಡಾಣೆಯ ಲೆಕ್ಕಾಚಾರ ಹೊಸ ವೇಷದಲ್ಲಿ ಮರಳಿತೆಂದು ನನಗೆ ತೋರುತ್ತದೆ.

ಆದರೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ಇತಿಹಾಸ ಪೂರ್ತಿಯಾಗದು. ಒಂದು ಗುಡ್ಡದ ಮಾದರಿಯನ್ನು ನಾಡೆಲ್ಲ ಅನುಸರಿಸಿತು. ವಿದ್ಯೆಗಿಂತ ವಂತಿಗೆಯೇ ದೊಡ್ಡದಾದ ಕಾಲೇಜುಗಳೂ ಎದ್ದವು. 1984ರಲ್ಲಿ ಕರ್ನಾಟಕ ಕ್ಯಾಪಿಟೇಶನ್ ಶುಲ್ಕವನ್ನು ಕಾನೂನಿನಿಂದ ನಿಷೇಧಿಸಿತು. 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರ ಪೀಠ ಕೊಟ್ಟ ತೀರ್ಪು ಟಿ. ಎಂ. ಎ. ಪೈ ಪ್ರತಿಷ್ಠಾನದ ಹೆಸರಿನದು: ಖಾಸಗಿಯವರು ವಿದ್ಯಾಸಂಸ್ಥೆ ನಡೆಸಬಹುದು, ಬೆಳವಣಿಗೆಗೆ ಬೇಕಾದಷ್ಟು ಉಳಿತಾಯ ಮಾಡಬಹುದು, ಲಾಭಕೋರತನ ಕೂಡದು. ಉಳಿತಾಯ ಎಲ್ಲಿ ಮುಗಿದು ಲಾಭಕೋರತನ ಎಲ್ಲಿ ಮೊದಲಾಗುತ್ತದೆ? ಆ ಗೆರೆಯ ಜಗಳ ಇನ್ನೂ ಮುಗಿದಿಲ್ಲ.

2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಪಿಗ್ಮಿ ಮಾತ್ರ ಉಳಿದಿದೆ. ನಮ್ಮ ಸೀಮೆಯ ಅಂಗಡಿಗಳಲ್ಲಿ ಇಂದಿಗೂ ದಿನದ ಹಣ ಕಟ್ಟುವವರುಂಟು. ಅಂಥ ಅಂಗಡಿಯವನ ಮಗಳು ನೀಟ್ ಪರೀಕ್ಷೆಯಲ್ಲಿ ಗೆದ್ದರೂ ವರ್ಷವರ್ಷ ಲಕ್ಷಗಟ್ಟಲೆ ಶುಲ್ಕ ತೆರಬೇಕು. ಬಡವನ ಎರಡಾಣೆಯನ್ನು ಬಾಗಿಲಿಗೇ ಬಂದು ಕೂಡಿಸಿಕೊಟ್ಟ ಜಾಣತನ ಈ ನೆಲದ್ದು. ಅದೇ ಜಾಣತನ ಅವನ ಮಗಳನ್ನು ಗುಡ್ಡ ಹತ್ತಿಸುವ ದಾರಿಯನ್ನೂ ಕಾಣಬಾರದೇ?