ಕಪಿಲ್ ದೇವ್ 434: ಒಂದು ದಾಖಲೆ, ಏಳು ಟೆಸ್ಟ್, ಒಬ್ಬ ಮೈಸೂರು ಹುಡುಗ

ಈ ವಾರದ ವಿಷಯ ಒಂದು ಸಂಖ್ಯೆ. 434. ಟೆಸ್ಟ್ ಕ್ರಿಕೆಟ್‌ನಲ್ಲಿ ಕಪಿಲ್ ದೇವ್ ತೆಗೆದ ವಿಕೆಟ್‌ಗಳು.

ನಮ್ಮ ತಲೆಮಾರಿಗೆ ಕಪಿಲ್ ಅಂದ್ರೆ ಏನು ಹೇಳಿ? ಲಾರ್ಡ್ಸ್ ಬಾಲ್ಕನಿಯಲ್ಲಿ ಕಪ್ ಎತ್ತಿ ಹಿಡಿದ ಫೋಟೋ. ಜಿಂಬಾಬ್ವೆ ಮೇಲೆ ಹೊಡೆದ 175. ರಣವೀರ್ ಸಿಂಗ್ ಹಲ್ಲು. ಅಲ್ಲಿಗೆ ಮುಗೀತು. ಆದರೆ ಆ ಮನುಷ್ಯನ ಅಸಲಿ ಕೆಲಸ ಬೌಲಿಂಗ್. ಹದಿನಾರು ವರ್ಷ ದಿನಗೂಲಿ ತರಹ ಮಾಡಿದ ಕೆಲಸ ಅದು. ಟೆಸ್ಟ್‌ನಲ್ಲಿ 27,740 ಎಸೆತ, ಒನ್‌ಡೇಯಲ್ಲಿ ಇನ್ನೂ 11,202. ಎರಡೂ ಸೇರಿಸಿದರೆ ಮೂವತ್ತೆಂಟು ಸಾವಿರದ ಒಂಬೈನೂರು ಚಿಲ್ಲರೆ ಸಲ ಓಡಿ ಬಂದು, ನೆಗೆದು, ಚೆಂಡು ಬಿಟ್ಟಿದ್ದಾರೆ. ನಾನು ಬಿ.ಕಾಂ. ಓದಿದವನು, ಅಂಕಿ ಸಿಕ್ಕಿದರೆ ಕೂಡಿಸದೆ ಬಿಡೋನಲ್ಲ.

ಮೊದಲು ಅವತ್ತಿನ ಪರಿಸ್ಥಿತಿ ಹೇಗಿತ್ತು ನೋಡೋಣ. 1970ರ ದಶಕದ ಭಾರತದಲ್ಲಿ ವೇಗದ ಬೌಲರ್ ಅಂದ್ರೆ ಹೊಸ ಚೆಂಡಿನ ಹೊಳಪು ಅಳಿಸೋಕೆ ಇಟ್ಟುಕೊಂಡ ಮನುಷ್ಯ. ನಾಲ್ಕೈದು ಓವರ್ ಹಾಕಿ ಚೆಂಡನ್ನು ಸ್ಪಿನ್ನರ್‌ಗಳ ಕೈಗೆ ಕೊಟ್ಟು ಪಕ್ಕಕ್ಕೆ ಹೋಗಬೇಕು. ಸುನಿಲ್ ಗವಾಸ್ಕರ್ ಕೂಡ ಹೊಸ ಚೆಂಡು ಹಿಡಿದದ್ದುಂಟು, ಅಷ್ಟರಮಟ್ಟಿಗೆ ಬರಗಾಲ. ಯಾಕಂದ್ರೆ ಹಿಂದೆ ಬೇಡಿ, ವೆಂಕಟರಾಘವನ್, ಮತ್ತೆ ನಮ್ಮವರೇ ಆದ ಪ್ರಸನ್ನ ಮತ್ತು ಚಂದ್ರಶೇಖರ್ ಕಾಯ್ತಾ ನಿಂತಿರ್ತಿದ್ದರು. ಹುಡುಗನಾಗಿದ್ದಾಗ ಮುಂಬೈ ಕ್ಯಾಂಪ್ ಒಂದರಲ್ಲಿ ಕಪಿಲ್ ಇನ್ನಷ್ಟು ಚಪಾತಿ ಕೇಳಿದರಂತೆ, ನಾನು ಫಾಸ್ಟ್ ಬೌಲರ್ ಅಂತ ಕಾರಣ ಕೊಟ್ಟರಂತೆ. ಅಲ್ಲಿದ್ದ ಅಧಿಕಾರಿ, ಭಾರತದಲ್ಲಿ ಫಾಸ್ಟ್ ಬೌಲರ್ ಎಲ್ಲಿದ್ದಾರೆ ಅಂತ ನಕ್ಕರಂತೆ. ಕಪಿಲ್ ಈ ಕಥೆಯನ್ನು ತಾವೇ ಹೇಳಿಕೊಳ್ಳುತ್ತಾರೆ. ಎಷ್ಟು ಉಪ್ಪುಖಾರ ಸೇರಿದೆಯೋ ಏನೋ, ಆದರೆ ಆ ಅಧಿಕಾರಿ ಅಂದಿದ್ದರಲ್ಲಿ ಆಗ ಸುಳ್ಳೇನೂ ಇರಲಿಲ್ಲ.

1978ರ ಅಕ್ಟೋಬರ್. ಪಾಕಿಸ್ತಾನದ ಫೈಸಲಾಬಾದ್. ಚಂಡೀಗಢದ ಹತ್ತೊಂಬತ್ತರ ಹುಡುಗ ಮೊದಲ ಟೆಸ್ಟ್ ಆಡ್ತಾನೆ. ಎದುರಿಗೆ ಓಪನರ್ ಸಾದಿಕ್ ಮೊಹಮ್ಮದ್. ಬೌನ್ಸರ್‌ಗಳು ಕಿವಿ ಪಕ್ಕದಲ್ಲಿ ಹೋಗೋಕೆ ಶುರುವಾದ ಮೇಲೆ ಸಾದಿಕ್ ಹೆಲ್ಮೆಟ್ ತರಿಸಿಕೊಂಡರು ಅನ್ನೋದು ಆ ಕಾಲದ ಪ್ರಸಿದ್ಧ ಕಥೆ. ಭಾರತದ ಬೌಲರ್‌ಗೆ ಹೆದರಿ ಹೆಲ್ಮೆಟ್! ಕಪಿಲ್‌ರ ಮೊದಲ ಟೆಸ್ಟ್ ವಿಕೆಟ್ ಕೂಡ ಸಾದಿಕ್ ಅವರದ್ದೇ. ಇನ್ನೊಂದು ಸಂಗತಿ ಗಮನಿಸಿ. ಅದೇ ಪ್ರವಾಸದಲ್ಲಿ ಪಾಕಿಸ್ತಾನದ ಬ್ಯಾಟ್ಸ್‌ಮನ್‌ಗಳು ನಮ್ಮ ಸ್ಪಿನ್ನರ್‌ಗಳನ್ನು ಚಚ್ಚಿ ಹಾಕಿದರು. ಪ್ರಸನ್ನ ಆಮೇಲೆ ಟೆಸ್ಟ್ ಆಡಲೇ ಇಲ್ಲ. ಒಂದು ಯುಗ ಮುಗಿದದ್ದೂ ಇನ್ನೊಂದು ಶುರುವಾದದ್ದೂ ಒಂದೇ ಪ್ರವಾಸದಲ್ಲಿ.

ಆಮೇಲಿನ ಓಟ ಹುಚ್ಚು ವೇಗದ್ದು. 1979-80ರಲ್ಲಿ ಪಾಕಿಸ್ತಾನ ಇಲ್ಲಿಗೆ ಬಂದಾಗ ಆರು ಟೆಸ್ಟ್‌ನಲ್ಲಿ 32 ವಿಕೆಟ್. ಮದ್ರಾಸ್‌ನಲ್ಲಿ ಒಂದೇ ಪಂದ್ಯದಲ್ಲಿ 11 ವಿಕೆಟ್, ಜೊತೆಗೆ 84 ರನ್. ಇಪ್ಪತ್ತೊಂದು ತುಂಬಿದ ತಿಂಗಳೊಳಗೇ, 25ನೇ ಟೆಸ್ಟ್‌ನಲ್ಲಿ, 100 ವಿಕೆಟ್. ನಾನು ಇಪ್ಪತ್ತೊಂದನೇ ವಯಸ್ಸಲ್ಲಿ ಕಾಸ್ಟ್ ಅಕೌಂಟಿಂಗ್ ಪೇಪರ್ ಜೊತೆ ಗುದ್ದಾಡ್ತಿದ್ದೆ, ಹೋಲಿಕೆ ಬೇಡ ಬಿಡಿ.

ಇವರ ಬೌಲಿಂಗ್ ವಿಡಿಯೋ ಯೂಟ್ಯೂಬ್‌ನಲ್ಲಿ ಸಿಗುತ್ತೆ, ಮಸುಕು ಮಸುಕಾಗಿ. ನೋಡುವಾಗ ಕೊನೆಯ ನೆಗೆತ ಗಮನಿಸಿ. ಎಡ ಭುಜ ಬ್ಯಾಟ್ಸ್‌ಮನ್ ಕಡೆ ತಿರುಗಿ, ದೇಹ ಪೂರ್ತಿ ಅಡ್ಡವಾಗಿ, ಎಡಗೈ ಮುಗಿಲಿಗೆ. ಆ ಅಡ್ಡ ನಿಲುವಿನಿಂದಲೇ ಔಟ್‌ಸ್ವಿಂಗರ್ ಹುಟ್ಟೋದು. ಬಲಗೈ ಬ್ಯಾಟ್ಸ್‌ಮನ್‌ಗೆ ಚೆಂಡು ಸ್ಟಂಪ್‌ಗೆ ಬರ್ತಿದೆ ಅನ್ನಿಸಿ, ಕೊನೇ ಗಳಿಗೆಯಲ್ಲಿ ಸ್ಲಿಪ್ ಕಡೆ ಜಾರುತ್ತೆ. ಹಿಂದೆ ಬಹಳ ವರ್ಷ ಗ್ಲೌಸ್ ಹಾಕಿಕೊಂಡು ನಿಂತವರು ನಮ್ಮ ಸೈಯದ್ ಕಿರ್ಮಾನಿ. ಹಳೇ ಸ್ಕೋರ್‌ಕಾರ್ಡ್ ತೆರೆದರೆ ಕ್ಯಾಚ್ ಕಿರ್ಮಾನಿ, ಬೌಲ್ಡ್ ಕಪಿಲ್ ಅನ್ನೋ ಸಾಲು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತೆ.

ಈಗ ಮೆಲ್ಬರ್ನ್‌ಗೆ ಬನ್ನಿ. 1981ರ ಫೆಬ್ರವರಿ. ಸರಣಿಯಲ್ಲಿ ಆಸ್ಟ್ರೇಲಿಯಾ 1-0 ಮುಂದೆ. ಮೊದಲ ಇನಿಂಗ್ಸ್‌ನಲ್ಲಿ ಭಾರತ 237, ಅದರಲ್ಲಿ 114 ರನ್ ಗುಂಡಪ್ಪ ವಿಶ್ವನಾಥ್ ಒಬ್ಬರದ್ದೇ. ಗವಾಸ್ಕರ್ ಎಲ್‌ಬಿಡಬ್ಲ್ಯು ತೀರ್ಪಿಗೆ ಸಿಟ್ಟಾಗಿ ಜೊತೆಗಾರ ಚೇತನ್ ಚೌಹಾಣ್‌ರನ್ನೂ ಎಳೆದುಕೊಂಡು ಮೈದಾನ ಬಿಟ್ಟು ಹೊರಟಿದ್ದು ಇದೇ ಪಂದ್ಯದಲ್ಲಿ. ಜನ ಆ ಜಗಳ ನೆನಪಿಟ್ಟುಕೊಂಡಷ್ಟು ಮುಂದಿನದನ್ನ ನೆನಪಿಟ್ಟುಕೊಂಡಿಲ್ಲ. ಆಸ್ಟ್ರೇಲಿಯಾ ಗೆಲ್ಲೋಕೆ ಬೇಕಿದ್ದದ್ದು ಬರೀ 143. ಕಪಿಲ್‌ಗೆ ತೊಡೆಯ ಸ್ನಾಯು ನೋವು, ನಾಲ್ಕನೇ ದಿನ ಸಂಜೆ ಬೌಲಿಂಗ್‌ಗೇ ಬಂದಿಲ್ಲ. ಸ್ಪಿನ್ನರ್ ದಿಲೀಪ್ ದೋಶಿ ಕಾಲಿನ ಮೂಳೆ ಮುರಿದುಕೊಂಡೇ ಬೌಲ್ ಮಾಡ್ತಿದ್ದಾರೆ. ಆದರೂ ಘಾವ್ರಿ ಮತ್ತು ದೋಶಿ ಸೇರಿ ಸ್ಕೋರ್ 3ಕ್ಕೆ 24 ಮಾಡಿಟ್ಟರು. ಗ್ರೆಗ್ ಚಾಪೆಲ್ ಮೊದಲ ಎಸೆತಕ್ಕೇ ಬೌಲ್ಡ್.

ಐದನೇ ದಿನ ಬೆಳಗ್ಗೆ ಕಪಿಲ್ ನೋವಿನ ಔಷಧ ತಗೊಂಡು ಚೆಂಡು ಹಿಡಿದರು. ಹಿಡಿದವರು ಬಿಡಲೇ ಇಲ್ಲ. ಪಿಚ್ ಬಿರುಕು ಬಿಟ್ಟಿತ್ತು, ಚೆಂಡು ಪಾದದ ಎತ್ತರಕ್ಕೂ ಏಳ್ತಿರಲಿಲ್ಲ. ನೇರವಾಗಿ, ಸ್ಟಂಪ್‌ಗೆ, ಮತ್ತೆ ಮತ್ತೆ. 16.4 ಓವರ್, 28 ರನ್, 5 ವಿಕೆಟ್. ಆಸ್ಟ್ರೇಲಿಯಾ 83ಕ್ಕೆ ಆಲೌಟ್, ಸರಣಿ 1-1. ಅವರ ಹದಿನಾರು ವರ್ಷದಲ್ಲಿ ಒಂದೇ ಒಂದು ಸ್ಪೆಲ್ ಆರಿಸು ಅಂದ್ರೆ ನಾನು ಇದನ್ನೇ ಆರಿಸ್ತೀನಿ.

ಹಾಗಂತ ಅಂಕಿಯಲ್ಲಿ ಅತ್ಯುತ್ತಮ ಇದಲ್ಲ. ಅದು 1983ರ ನವೆಂಬರ್, ಅಹಮದಾಬಾದ್‌ನ ಮೊಟೇರಾ. ಆಗಷ್ಟೇ ಹೊಸದಾಗಿ ಕಟ್ಟಿದ ಸ್ಟೇಡಿಯಂ, ಅಲ್ಲಿನ ಮೊದಲ ಟೆಸ್ಟ್. ವಿಶ್ವಕಪ್ ಫೈನಲ್ ಸೋತ ಐದೇ ತಿಂಗಳಿಗೆ ವೆಸ್ಟ್ ಇಂಡೀಸ್ ಲೆಕ್ಕ ಚುಕ್ತಾ ಮಾಡೋಕೆ ಬಂದಿತ್ತು. ಎರಡನೇ ಇನಿಂಗ್ಸ್‌ನಲ್ಲಿ ಬಲ್ವಿಂದರ್ ಸಂಧುಗೆ ಸಿಕ್ಕ ಒಂದನ್ನು ಬಿಟ್ಟು ಉಳಿದ ಒಂಬತ್ತೂ ವಿಕೆಟ್ ಕ್ಯಾಪ್ಟನ್ ಕಪಿಲ್‌ಗೆ. 83 ರನ್‌ಗೆ 9. ಟೆಸ್ಟ್‌ನಲ್ಲಿ ಒಬ್ಬ ನಾಯಕನ ಅತ್ಯುತ್ತಮ ಬೌಲಿಂಗ್ ಇವತ್ತಿಗೂ ಅದೇ. ಆಮೇಲೇನಾಯ್ತು? 242 ಬೆನ್ನಟ್ಟಿದ ಭಾರತ 103ಕ್ಕೆ ಮಲಗಿತು. 138 ರನ್ ಸೋಲು. ಒನ್‌ಡೇಯಲ್ಲೂ ಇದೇ ಹಣೆಬರಹ. 253 ವಿಕೆಟ್‌ಗಳ ಪಟ್ಟಿಯಲ್ಲಿ ಐದು ವಿಕೆಟ್ ಸಿಕ್ಕಿದ್ದು ಒಂದೇ ಸಲ, 1983ರ ವಿಶ್ವಕಪ್‌ನಲ್ಲಿ ಆಸ್ಟ್ರೇಲಿಯಾ ಮೇಲೆ. ಆ ಪಂದ್ಯವನ್ನೂ ಭಾರತ ಹೀನಾಯವಾಗಿ ಸೋತಿತು. ಆ ಭಾಗವನ್ನ ರೀಲ್ಸ್‌ಗೆ ಯಾರು ಹಾಕ್ತಾರೆ?

ಇಲ್ಲಿ ಒಂದು ವಿಷಯ ಹೇಳಲೇಬೇಕು. ಬೌಲರ್‌ಗಳು ಜೋಡಿಯಾಗಿ ಬೇಟೆಯಾಡ್ತಾರೆ. ಇಮ್ರಾನ್‌ಗೆ ಸರ್ಫರಾಜ್ ಇದ್ದರು, ಆಮೇಲೆ ವಾಸಿಂ ಅಕ್ರಂ. ಬೋಥಮ್‌ಗೆ ಬಾಬ್ ವಿಲ್ಲಿಸ್. ಕಪಿಲ್‌ಗೆ? ಘಾವ್ರಿ, ಮದನ್ ಲಾಲ್, ರೋಜರ್ ಬಿನ್ನಿ, ಸಂಧು, ಚೇತನ್ ಶರ್ಮಾ, ಪ್ರಭಾಕರ್. ಎಲ್ಲರೂ ಕೆಲಸಕ್ಕೆ ಬಂದವರೇ, ಆದರೆ ಹೆದರಿಕೆ ಹುಟ್ಟಿಸೋ ಜೋಡಿ ಅಂತ ಯಾರೂ ಉಳಿಯಲಿಲ್ಲ. ಅರ್ಧಕ್ಕಿಂತ ತುಸು ಹೆಚ್ಚು ವಿಕೆಟ್ ಅವರಿಗೆ ಸಿಕ್ಕಿದ್ದು ನಮ್ಮ ಒಣ, ಸತ್ತ ಪಿಚ್‌ಗಳ ಮೇಲೆ. ಇಷ್ಟಾಗಿಯೂ ಗಾಯದ ಕಾರಣಕ್ಕೆ ಒಂದೇ ಒಂದು ಟೆಸ್ಟ್ ತಪ್ಪಿಸಲಿಲ್ಲ. ತಪ್ಪಿದ ಒಂದೇ ಟೆಸ್ಟ್ 1984ರ ಕೊನೆಯ ಕಲ್ಕತ್ತಾದ್ದು. ಅದೂ ಹಿಂದಿನ ಪಂದ್ಯದಲ್ಲಿ ಬೇಜವಾಬ್ದಾರಿ ಹೊಡೆತ ಹೊಡೆದು ಔಟಾದರು ಅಂತ ಕೈಬಿಟ್ಟಿದ್ದು.

ಈಗ ಕಥೆಯ ಕಹಿ ಭಾಗ. ಇದು ಬೆಂಗಳೂರಿಗೆ ಸೇರಿದ್ದು.

1988ರ ನವೆಂಬರ್. ಚಿನ್ನಸ್ವಾಮಿ ಸ್ಟೇಡಿಯಂ. ನ್ಯೂಜಿಲೆಂಡ್‌ನ ರಿಚರ್ಡ್ ಹ್ಯಾಡ್ಲಿ 373 ವಿಕೆಟ್‌ನೊಂದಿಗೆ ಬೋಥಮ್ ಪಕ್ಕ ನಿಂತಿದ್ದಾರೆ. ಅರುಣ್ ಲಾಲ್ ಕ್ಯಾಚ್ ಕೊಟ್ಟರು, 374. ವಿಶ್ವದಾಖಲೆ ಹುಟ್ಟಿದ್ದು ನಮ್ಮ ಎಂ.ಜಿ. ರಸ್ತೆಯಿಂದ ಕೂಗಳತೆ ದೂರದಲ್ಲಿ. ಅದೇ ಪಂದ್ಯದಲ್ಲಿ ಕಿವೀಸ್ ಆಟಗಾರರಿಗೆಲ್ಲ ಹೊಟ್ಟೆ ಕೆಟ್ಟು, ಕಾಮೆಂಟರಿಗೆ ಬಂದಿದ್ದ ಮಾಜಿ ನಾಯಕ ಜೆರೆಮಿ ಕೋನಿ ಫೀಲ್ಡಿಂಗ್‌ಗೆ ಇಳಿಯಬೇಕಾಯ್ತು. ಹ್ಯಾಡ್ಲಿ ಕೊನೆಗೆ 431ಕ್ಕೆ ನಿಲ್ಲಿಸಿದರು, 86 ಟೆಸ್ಟ್‌ನಲ್ಲಿ.

ಕಪಿಲ್ 400ನೇ ವಿಕೆಟ್ ತೆಗೆದದ್ದು 1992ರ ಫೆಬ್ರವರಿಯಲ್ಲಿ, ಪರ್ತ್‌ನಲ್ಲಿ, 115ನೇ ಟೆಸ್ಟ್. ಲೆಕ್ಕ ಹಾಕಿ: ಟೆಸ್ಟ್‌ಗೆ ಸುಮಾರು ಮೂರೂವರೆ ವಿಕೆಟ್. ಆಮೇಲಿನ 16 ಟೆಸ್ಟ್‌ಗಳಲ್ಲಿ ಅದು ಎರಡರ ಆಸುಪಾಸಿಗೆ ಇಳೀತು. ಅಕೌಂಟ್ಸ್ ಓದಿದವರಿಗೆ ಗೊತ್ತಿರುತ್ತೆ, ಇದಕ್ಕೆ ಸವಕಳಿ ಅಂತಾರೆ. ಮೆಷಿನ್ ಓಡ್ತಿದೆ, ಉತ್ಪಾದನೆ ಇಳಿದಿದೆ. ಬ್ಯಾಟ್ ಇನ್ನೂ ಮಾತಾಡ್ತಿತ್ತು ನಿಜ. ಅದೇ ವರ್ಷ ಪೋರ್ಟ್ ಎಲಿಜಬೆತ್‌ನಲ್ಲಿ ತಂಡದ 215ರಲ್ಲಿ 129 ಇವರದ್ದೇ. ಆದರೆ ಚೆಂಡಿನಲ್ಲಿ ಕಚ್ಚು ಹೋಗಿತ್ತು.

ಆಗ ಹೊರಗೆ ಕೂತಿದ್ದವರು ಯಾರು ಗೊತ್ತಾ? ಜಾವಗಲ್ ಶ್ರೀನಾಥ್. ಮೈಸೂರಿನ ಎಂಜಿನಿಯರಿಂಗ್ ಹುಡುಗ, ಆ ಹೊತ್ತಿಗೆ ದೇಶದ ಅತ್ಯಂತ ವೇಗದ ಬೌಲರ್. 1991ರಲ್ಲಿ ಬ್ರಿಸ್ಬೇನ್‌ನಲ್ಲಿ ಮೊದಲ ಟೆಸ್ಟ್ ಆಡಿದವರು. ವಿದೇಶಕ್ಕೆ ಹೋದರೆ ಶ್ರೀನಾಥ್ ಬೇಕು, ಮನೆಗೆ ಬಂದರೆ ಬೇಡ. 1993-94ರ ನಡುವೆ ಭಾರತದಲ್ಲಿ ಏಳು ಟೆಸ್ಟ್ ನಡೆದವು: ಇಂಗ್ಲೆಂಡ್ ಮೇಲೆ ಮೂರು, ಜಿಂಬಾಬ್ವೆ ಮೇಲೆ ಒಂದು, ಶ್ರೀಲಂಕಾ ಮೇಲೆ ಮೂರು. ಒಂದರಲ್ಲೂ ಶ್ರೀನಾಥ್ ಇಲ್ಲ. ಹೊಸ ಚೆಂಡಿಗೆ ಕಪಿಲ್ ಮತ್ತು ಪ್ರಭಾಕರ್, ಉಳಿದದ್ದಕ್ಕೆ ಕುಂಬ್ಳೆ, ರಾಜು, ಚೌಹಾಣ್. ಏಳನ್ನೂ ಭಾರತ ಗೆದ್ದಿತು, ಹಾಗಾಗಿ ಯಾರೂ ಗಟ್ಟಿಯಾಗಿ ಪ್ರಶ್ನೆ ಕೇಳಲಿಲ್ಲ. ಗೆದ್ದ ಕಂಪನಿಯ ಆಡಿಟ್ ಯಾವಾಗಲೂ ಸಡಿಲ.

1994ರ ಜನವರಿಯಲ್ಲಿ ಕಪಿಲ್ ಬೆಂಗಳೂರಿಗೆ ಬಂದರು. ಭಾರತ ಇನಿಂಗ್ಸ್ ಅಂತರದಲ್ಲಿ ಗೆದ್ದಿತು, ಪಂದ್ಯ ಮುಗಿದಾಗ ಕಪಿಲ್ 431. ಹ್ಯಾಡ್ಲಿ ದಾಖಲೆ ಬರೆದ ಅದೇ ಮೈದಾನದಲ್ಲಿ ಹ್ಯಾಡ್ಲಿಗೆ ಸಮ. ಫೆಬ್ರವರಿ 8ರಂದು ಮೊಟೇರಾದಲ್ಲಿ ಶ್ರೀಲಂಕಾದ ಹಶನ್ ತಿಲಕರತ್ನೆ ಬ್ಯಾಟಿಗೆ ತಾಗಿದ ಚೆಂಡನ್ನು ಶಾರ್ಟ್ ಲೆಗ್‌ನಲ್ಲಿ ಸಂಜಯ್ ಮಂಜ್ರೇಕರ್ ಹಿಡಿದರು. 432. ಆಕಾಶಕ್ಕೆ 432 ಬಲೂನ್ ಬಿಟ್ಟರು. ಅವರ 9 ವಿಕೆಟ್ ವ್ಯರ್ಥವಾದ ಜಾಗವೂ ಇದೇ ಅನ್ನೋದು ನೆನಪಿರಲಿ.

ಆ ಏಳು ಟೆಸ್ಟ್ ಶ್ರೀನಾಥ್‌ಗೆ ಸಿಗಬೇಕಿತ್ತಾ? ನನ್ನ ಉತ್ತರ: ಎಲ್ಲ ಏಳೂ ಅಲ್ಲ, ಆದರೆ ಕೆಲವಾದರೂ ಸಿಗಬೇಕಿತ್ತು. ಒಬ್ಬ ವೇಗದ ಬೌಲರ್‌ಗೆ ಇಪ್ಪತ್ಮೂರು, ಇಪ್ಪತ್ನಾಲ್ಕರ ವಯಸ್ಸು ಮತ್ತೆ ಬರಲ್ಲ. ಭುಜದಲ್ಲಿ ಆ ಬಿಸಿ ಇರೋದು ಕೆಲವೇ ವರ್ಷ. ಅದನ್ನ ಪೆವಿಲಿಯನ್‌ನಲ್ಲಿ ಕೂರಿಸಿ ಖರ್ಚು ಮಾಡಿದ್ದು ಕರ್ನಾಟಕದ ಅಭಿಮಾನಿಯಾಗಿ ನನಗೆ ಈಗಲೂ ಚುಚ್ಚುತ್ತೆ. ಇನ್ನೊಂದು ಕಡೆ, ಭಾರತದಲ್ಲಿ ಹುಟ್ಟಿದ ವೇಗದ ಬೌಲರ್ ಒಬ್ಬ ವಿಶ್ವದಾಖಲೆ ಮಾಡಬಹುದು ಅನ್ನೋದನ್ನ ಕಣ್ಣಾರೆ ನೋಡಿದ ಹುಡುಗರಲ್ಲಿ ಶ್ರೀನಾಥ್ ಕೂಡ ಒಬ್ಬರು. ಕಪಿಲ್ ಇಲ್ಲದೇ ಹೋಗಿದ್ದರೆ ಮೈಸೂರಿನ ಹುಡುಗನೊಬ್ಬನಿಗೆ ಆಫ್ ಸ್ಪಿನ್ ಕಲಿ ಅಂತಲೇ ಹೇಳ್ತಿದ್ದರೇನೋ. ಇದರ ಎರಡೂ ಕಾಲಂ ನಾನು ಎಷ್ಟು ಸಲ ಕೂಡಿಸಿದರೂ ಟ್ಯಾಲಿ ಆಗಲ್ಲ.

ಹ್ಯಾಡ್ಲಿ ಜೊತೆ ಹೋಲಿಸಿ ಕಪಿಲ್‌ರನ್ನ ಹಳಿಯೋರೂ ಇದ್ದಾರೆ. ಸರಾಸರಿ 22.29 ಎಲ್ಲಿ, 29.64 ಎಲ್ಲಿ? 36 ಸಲ ಐದು ವಿಕೆಟ್ ಎಲ್ಲಿ, 23 ಸಲ ಎಲ್ಲಿ? ಸರಿ, ಬೌಲರ್ ಆಗಿ ಹ್ಯಾಡ್ಲಿ ಮೇಲು, ವಾದವೇ ಇಲ್ಲ. ಆದರೆ ಟೆಸ್ಟ್‌ನಲ್ಲಿ 400 ವಿಕೆಟ್ ಜೊತೆ 5,000 ರನ್ ಇರೋದು ಒಬ್ಬರಿಗೇ, 5,248 ರನ್‌ನ ಕಪಿಲ್‌ಗೆ.

1994ರ ಮಾರ್ಚ್‌ನಲ್ಲಿ ಹ್ಯಾಮಿಲ್ಟನ್‌ನಲ್ಲಿ ಕೊನೆಯ ಟೆಸ್ಟ್, ಅಲ್ಲಿಗೆ 434. ಹ್ಯಾಡ್ಲಿಯ ದೇಶದಲ್ಲೇ. ವಿಶ್ವದಾಖಲೆಯನ್ನು 2000ದಲ್ಲಿ ಕೋರ್ಟ್ನಿ ವಾಲ್ಶ್ ಮುರಿದರು. ಭಾರತದ ದಾಖಲೆಯನ್ನು 2004ರ ಡಿಸೆಂಬರ್‌ನಲ್ಲಿ ಢಾಕಾದಲ್ಲಿ ನಮ್ಮ ಅನಿಲ್ ಕುಂಬ್ಳೆ ದಾಟಿದರು. ಭಾರತದ ವೇಗದ ಬೌಲರ್‌ಗಳ ಪಟ್ಟಿಯಲ್ಲಿ ಮಾತ್ರ ಕಪಿಲ್‌ರನ್ನ ಇನ್ನೂ ಯಾರೂ ಮುಟ್ಟಿಲ್ಲ.

ಶ್ರೀನಾಥ್‌ಗೆ ಏನಾಯ್ತು ಅಂತೀರಾ? ಕಪಿಲ್ ನಿವೃತ್ತಿಯಾದ ಮೇಲೆ, 1994ರ ನವೆಂಬರ್‌ನಲ್ಲಿ, ಮುಂಬೈನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ತವರಿನ ಮೊದಲ ಟೆಸ್ಟ್ ಸಿಕ್ಕಿತು. ಟೆಸ್ಟ್ ಕ್ಯಾಪ್ ಸಿಕ್ಕಿ ಮೂರು ವರ್ಷ ಆದಮೇಲೆ. ಐದು ವಿಕೆಟ್ ತೆಗೆದರು, ಬ್ಯಾಟ್ ಹಿಡಿದು 60 ರನ್ ಬೇರೆ ಹೊಡೆದರು. ಪಂದ್ಯಶ್ರೇಷ್ಠ ಪ್ರಶಸ್ತಿ ಅವರಿಗೇ ಬಂತು.